ಎಕಂಬಾ ನಿಲ್ದಾಣದಲ್ಲಿ ಹೊಸ ಕಾರು ಕುದಿಯುವ ಬಗ್ಗೆ

ಬರ ವೀಕ್ಷಣಾ ವಾಹನ ವಿಭಾಗ, ಬೀದರ

ಸಂಖ್ಯೆ: ಬವೀವಾ/ಕಾರು/ಹೊಸತು-ಹಳತು/2015-16
ದಿನಾಂಕ: 29.02.2016

ಸುತ್ತೋಲೆ

ವಿಷಯ: ನವೀಕೃತ ವಿನ್ಯಾಸದ ಕ್ರೀಡಾ ಮಾದರಿ ಸೆಡಾನ್ ಕಾರನ್ನು ಬರಪೀಡಿತ ರಸ್ತೆಗಳಲ್ಲಿ ಪರೀಕ್ಷಾರ್ಥ ಓಡಿಸಿ, ಅದೇ ಹೆಸರಿನ ಹಳೆಯ ಕಾರಿನೊಂದಿಗೆ ಹೋಲಿಸಿದ್ದು, ಹೊಸ ಕಾರು ಕುದಿಯದೇ ಇರುವುದರಿಂದ ಉದ್ಭವಿಸಿರುವ ಆಡಳಿತಾತ್ಮಕ ತೊಡಕುಗಳ ನಿವಾರಣೆ ಕುರಿತು.

ಉಲ್ಲೇಖ:
1) ಈ ವಿಭಾಗದ ಪರೀಕ್ಷಾ ಚಾಲನಾ ವರದಿಗಳು, ಎರಡು. (ಎರಡನೆಯದನ್ನು ಇನ್ನು ಮುಂದೆ ಯಾರೂ ಓದತಕ್ಕದ್ದಲ್ಲ.)
2) ಎಕಂಬಾದ ಶ್ರೀಮತಿ ಜಿಜಾಬಾಯಿ ಅವರ ಮೌಖಿಕ ದೂರು, ಗಟ್ಟಿ ದನಿಯಲ್ಲಿ.
3) ಭಾಲ್ಕಿಯ ಗ್ಯಾರೇಜ್ ಮಾಲೀಕ ಶ್ರೀ ಫಕ್ರೋದ್ದೀನ ಅವರ ನಿರಾಕರಣೆ.

ಪ್ರಸ್ತಾವನೆ:

ಈ ವಿಭಾಗದ ಅಧಿಕಾರಿಗಳು ಬರ ನೋಡಲು ಹತ್ತು ವರ್ಷಗಳಿಂದ ಒಂದೇ ಕಾರನ್ನು ಬಳಸುತ್ತಿದ್ದರು. ಸದರಿ ಕಾರು ಬೀದರದಿಂದ ಹೊರಟು ಭಾಲ್ಕಿ ದಾಟಿ ಔರಾದ ಮುಟ್ಟುವಷ್ಟರಲ್ಲಿ ಏದುಸಿರು ಬಿಟ್ಟು, ಎಕಂಬಾದ ಬಸ್ ನಿಲ್ದಾಣದೆದುರು ಬಂದೊಡನೆ ತಪ್ಪದೇ ಕುದಿಯುತ್ತಿತ್ತು. ಚಳಿಗಾಲದಲ್ಲೂ ಕುದಿದ ನಿದರ್ಶನಗಳಿವೆ. ಬದಲಿಗೆ ಒಂದು ಜೀಪು ಕೊಡಿಸಬೇಕೆಂದು ಕೋರಲಾಗಿತ್ತಾದರೂ, ಕಳೆದ ಮಾರ್ಚ್ ಅಂತ್ಯಕ್ಕೆ ಕ್ರೀಡೆಯ ಲೆಕ್ಕಶೀರ್ಷಿಕೆಯಲ್ಲಿ ಮಾತ್ರ ಅನುದಾನ ಉಳಿದಿದ್ದರಿಂದ, ಅದೇ ಕಾರಿನ ಹೊಸ ಕ್ರೀಡಾ ಮಾದರಿಯನ್ನು ಖರೀದಿಸಲಾಯಿತು. ಹಳೆಯದನ್ನು ಗುಜರಿಗೆ ಹಾಕುವ ಮೊದಲು ಎರಡನ್ನೂ ಒಂದೇ ಹಾದಿಯಲ್ಲಿ ಓಡಿಸಿ ಹೋಲಿಸಬೇಕೆಂಬ ನಿಯಮವಿದೆ. ಅದರಂತೆ ಕಳೆದ ನವೆಂಬರಿನಲ್ಲಿ ಒಂದು ದಿನ ಹಳೆಯ ಕಾರಿನಲ್ಲೂ, ಮರುದಿನ ಹೊಸ ಕಾರಿನಲ್ಲೂ ಕೆಳಗೆ ಸಹಿ ಮಾಡಿದವರು ಖುದ್ದಾಗಿ ಕುಳಿತಿದ್ದು, ಚಾಲಕ ಶ್ರೀ ಮಚ್ಛೇಂದ್ರ ಅವರು ಓಡಿಸಿರುತ್ತಾರೆ. ಕಂಡುಬಂದ ಅಂಶಗಳನ್ನು ಸಿಬ್ಬಂದಿಯ ಎಚ್ಚರಿಕೆಗಾಗಿ ಈ ಮೂಲಕ ಪ್ರಕಟಿಸಲಾಗಿದೆ.

ಭಾಗ ಒಂದು: ಹೋಲಿಕೆ

1. ಆಸನ: ಹೊಸ ಕಾರಿನ ಆಸನವು ಹಳೆಯದಕ್ಕಿಂತ ಒಂದು ಗೇಣು ಕೆಳಗಿದೆ. ಕಂಪನಿಯ ಪುಸ್ತಿಕೆಯಲ್ಲಿ ಇದನ್ನು ಕ್ರೀಡಾ ಭಂಗಿ ಎಂದು ಹೊಗಳಲಾಗಿದೆ. ಹಳೆಯ ಕಾರಿನಿಂದ ನೋಡಿದಾಗ ಮೊಳಕಾಲಿಗೂ ಬಾರದೆ ಒಣಗಿ ನಿಂತಿದ್ದ ತೊಗರಿ, ಮರುದಿನ ಹೊಸ ಕಾರಿನಿಂದ ನೋಡಿದಾಗ ಅಧಿಕಾರಿಯ ಕಿವಿಯ ಮಟ್ಟಕ್ಕೆ ಬಂದಿತ್ತು. ಆದ್ದರಿಂದ ಬೆಳೆ ರಾತ್ರೋರಾತ್ರಿ ಸುಧಾರಿಸಿದೆ ಎಂದು ವರದಿಯಾಯಿತು. ಇನ್ನು ಮುಂದೆ ಬೆಳೆ ನೋಡುವ ಅಧಿಕಾರಿಯು ಎರಡು ದಿಂಬು ಹಾಕಿಕೊಂಡು ಕೂರತಕ್ಕದ್ದು. ದಿಂಬುಗಳನ್ನು ಸ್ವಂತ ಮನೆಯಿಂದ ತರತಕ್ಕದ್ದು.

2. ಗಾಜು: ಹಳೆಯ ಕಾರಿನ ಎಡಗಡೆಯ ಗಾಜು ಮೇಲೇರುತ್ತಲೇ ಇರಲಿಲ್ಲ. ಹೀಗಾಗಿ ಧೂಳು, ಬಿಸಿಲು ಮತ್ತು ಸಾರ್ವಜನಿಕರ ದನಿ ನೇರವಾಗಿ ಒಳಗೆ ಬರುತ್ತಿದ್ದವು. ಹೊಸ ಕಾರಿನ ಗಾಜು ಪೂರ್ತಿ ಮುಚ್ಚುತ್ತದೆ ಹಾಗೂ ಅದಕ್ಕೆ ತಿಳಿಹಸಿರು ಛಾಯೆ ಇದೆ. ಭಾಲ್ಕಿಯಿಂದ ಔರಾದವರೆಗೆ ಹೊಲ, ಹಾದಿ, ಕಲ್ಲು, ಕುರಿ ಎಲ್ಲವೂ ಹಸಿರಾಗಿ ಕಂಡಿದ್ದರಿಂದ ಹಸಿಮೇವು ಸಮೃದ್ಧವಾಗಿದೆ ಎಂದು ವರದಿಯಾಯಿತು. ಕುರಿಗಳನ್ನೂ ಮೇವಿನ ಲೆಕ್ಕಕ್ಕೆ ಸೇರಿಸಿದ್ದು ಕಣ್ತಪ್ಪು.

3. ಕನ್ನಡಿ: ಹಾಸಿಗೆ, ಪಾತ್ರೆ, ಕೋಳಿ, ಕೂಸುಗಳ ಸಮೇತ ಗುಳೆ ಹೊರಟ ಟೆಂಪೋಗಳನ್ನು ಹಳೆಯ ಕಾರು ಒಮ್ಮೆಯೂ ಹಿಂದೆ ಹಾಕಿದ್ದಿಲ್ಲ. ಅಧಿಕಾರಿಗಳು ಟೆಂಪೋದ ಬೆನ್ನು ನೋಡುತ್ತಲೇ ಹೋಗಿ, ಜನ ಊರು ಬಿಡುತ್ತಿದ್ದಾರೆ ಎಂದು ಬರೆಯುತ್ತಿದ್ದರು. ಹೊಸ ಕಾರು ಅವನ್ನೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದೆ ಹಾಕಿತು. ಆಮೇಲೆ ಪಕ್ಕದ ಕನ್ನಡಿಯಲ್ಲಿ ಟೆಂಪೋಗಳ ಮುಖ ಕಾಣಿಸಿತು. ಮುಖ ಕಾಣುವ ಟೆಂಪೋ ನಮ್ಮ ಕಡೆಗೇ ಬರುತ್ತಿದೆ ಎಂದು ಅರ್ಥೈಸಿ, ಗುಳೆ ಹೋದವರು ವಾಪಸಾಗುತ್ತಿದ್ದಾರೆ ಎಂದು ಸಂತೋಷಪೂರ್ವಕ ವರದಿ ಮಾಡಲಾಯಿತು. ಸದರಿ ಸಂತೋಷವನ್ನು ಈ ಮೂಲಕ ಹಿಂಪಡೆಯಲಾಗಿದೆ.

4. ಛಾವಣಿಯ ಕಿಟಕಿ: ಮೋಡ ಪರಿಶೀಲನೆಗೆ ಒದಗಿಸಲಾಗಿದೆ ಎಂದು ಭಾವಿಸಿ ತೆರೆಯಲಾಯಿತು. ಮೋಡವಿರಲಿಲ್ಲ. ಮುಚ್ಚಲಾಯಿತು.

5. ಕ್ರೀಡಾ ಗುಂಡಿ: ಹಳೆಯ ಕಾರಿನಲ್ಲಿ ಇಂಥ ಗುಂಡಿ ಇರಲಿಲ್ಲ. ಹೊಸ ಕಾರಿನಲ್ಲಿ ಇದನ್ನು ಒತ್ತಿದೊಡನೆ ಇಂಜಿನ್ ಗುಡುಗುತ್ತದೆ. ಭಾಲ್ಕಿ ದಾಟಿದ ಮೇಲಿನ ಹಳ್ಳಿಯೊಂದರಲ್ಲಿ ಒತ್ತಿ ನೋಡಲಾಗಿ, ಗುಡುಗಿತೆಂದು ತಿಳಿದು ಜನರು ಬಕೆಟ್ಟು, ಹಂಡೆ, ತಪೇಲಿಗಳನ್ನು ತಂದು ಅಂಗಳದಲ್ಲಿಟ್ಟು ಮುಗಿಲು ನೋಡುತ್ತ ನಿಂತರು. ಕ್ಷಮೆ ಕೇಳುವ ಅಧಿಕಾರವನ್ನು ಈ ವಿಭಾಗಕ್ಕೆ ವಹಿಸಿಲ್ಲವಾದ್ದರಿಂದ ವೇಗ ಹೆಚ್ಚಿಸಲಾಯಿತು. ಇನ್ನು ಮುಂದೆ ಈ ಗುಂಡಿಯನ್ನು ನಿಜವಾಗಿ ಮಳೆ ಬರುತ್ತಿರುವಾಗ ಮಾತ್ರ ಒತ್ತತಕ್ಕದ್ದು.

6. ಕುದಿತ: ಹೋಲಿಕೆಯಲ್ಲಿ ಈ ವಿಭಾಗಕ್ಕೆ ಅತಿ ಹೆಚ್ಚು ತಲೆನೋವು ತಂದ ಅಂಶವಿದು. ಹಳೆಯ ಕಾರು ಎಕಂಬಾದಲ್ಲಿ ಕುದಿದು ನಿಂತಾಗಲೆಲ್ಲ, ನಿಲ್ದಾಣದ ಪಕ್ಕದ ಮನೆಯಲ್ಲಿದ್ದು ಕುರಿ ಸಾಕುವ ಶ್ರೀಮತಿ ಜಿಜಾಬಾಯಿ ಅವರು ತಮ್ಮ ಮನೆಯ ನೀರಿನಲ್ಲೇ ಒಂದು ಕೊಡ ತಂದುಕೊಡುತ್ತಿದ್ದರು. ಕಾರು ಆರುವವರೆಗೆ ನಿಲ್ದಾಣದ ಕಟ್ಟೆಯ ಮೇಲೆ ಕೂರುವುದು ಬಿಟ್ಟು ಅಧಿಕಾರಿಗೆ ಬೇರೆ ಗತಿ ಇರುತ್ತಿರಲಿಲ್ಲ. ಕೂತವರ ಸುತ್ತ ಊರು ಸೇರುತ್ತಿತ್ತು, ಊರು ಸೇರಿದ ಮೇಲೆ ಕೇಳದೆ ಇರಲಾಗುತ್ತಿರಲಿಲ್ಲ. ಎಕಂಬಾದ ಕೈಪಂಪು ರಿಪೇರಿಯಾದದ್ದು, ನೀರಿನ ಟ್ಯಾಂಕರು ಮಂಜೂರಾದದ್ದು, ಎರಡೂ ಕಾರು ಕುದಿಯುತ್ತಿದ್ದಾಗಲೇ. ಜನರ ಅಹವಾಲು ಕೇಳಲು ಈ ವಿಭಾಗದಲ್ಲಿ ರೇಡಿಯೇಟರಿನ ಹೊರತು ಬೇರಾವ ವ್ಯವಸ್ಥೆಯೂ ಇರಲಿಲ್ಲ ಎಂಬುದು ಈಗಷ್ಟೇ ಗಮನಕ್ಕೆ ಬಂದಿದೆ.

7. ಹೊಸ ಕಾರು ಬಂದ ದಿನವೂ ಜಿಜಾಬಾಯಿ ಅವರು ಎಂದಿನಂತೆ ತುಂಬಿದ ಕೊಡ ಹೊತ್ತು ರಸ್ತೆಗೆ ಬಂದು ನಿಂತಿದ್ದರು. ಚಾಲಕರು "ನಿಲ್ಲಿಸ್ಲೇನ್ರಿ ಸಾಹೇಬ್ರ? ಅಕ್ಕ ಕೊಡ ಹಿಡ್ಕೊಂಡ್ ನಿಂತಾಳ" ಎಂದು ವಿಚಾರಿಸಿದರು. ಕಾರಿಗೆ ಏನೂ ಆಗದಿರುವಾಗ ನಿಲ್ಲಿಸಲು ಕಾರಣವೇನೆಂದು ಅವರನ್ನು ಮರುಪ್ರಶ್ನಿಸಲಾಯಿತು. ಕಾರಣ ಇರಲಿಲ್ಲ. ಕಾರು ಮುಂದೆ ಸಾಗಿತು.

8. ತರುವಾಯ ಮೇಲಿನ ಕಚೇರಿಗೆ ಎರಡು ವರದಿಗಳು ತಲುಪಿದವು. ಹಳೆಯ ಕಾರಿನ ವರದಿಯಲ್ಲಿ ಬರವಿತ್ತು, ಹೊಸ ಕಾರಿನ ವರದಿಯಲ್ಲಿ ಇರಲಿಲ್ಲ. ಹೊಸ ಕಾರು ಹೆಚ್ಚು ಆಧುನಿಕವಾಗಿದೆ ಎಂಬ ಕಾರಣಕ್ಕೆ ಅದರ ವರದಿಯನ್ನೇ ಅಂಗೀಕರಿಸಿ, ಎಕಂಬಾದ ಟ್ಯಾಂಕರನ್ನು ನಿಲ್ಲಿಸಲಾಯಿತು.

9. ಜಿಜಾಬಾಯಿ ಅವರು ಎರಡು ಬಸ್ಸು ಬದಲಿಸಿ ಬೀದರದ ಈ ಕಚೇರಿಗೆ ಬಂದು ನೀಡಿದ ಹೇಳಿಕೆಯನ್ನು, ತಿದ್ದಲು ಅವರು ಒಪ್ಪದ ಕಾರಣ, ಇದ್ದಂತೆಯೇ ಉಲ್ಲೇಖಿಸಲಾಗಿದೆ:

"ಹಳಿ ಗಾಡಿಗಿ ಮನಷ್ಯಾರ ಖಬರ್ ಇತ್ತುರಿ. ನಮ್ಮೂರಿಗಿ ಬಂತಂದ್ರ ನಿಂದರ್ತಿತ್ತು, ನೀರ್ ಕುಡಿತಿತ್ತು, ನೀವೂ ಕೆಳಗ ಇಳಿತಿದ್ರಿ. ಈ ಹೊಸಾದು ಯಾಕ ಹಿಂಗ ಸುಂಯ್ ಅಂತ ಹೋಗ್ತದ? ಟ್ಯಾಂಕರ್ ಬಂದ್ ಮಾಡೀರಿ. ಕುರಿ ಬಾಯಿ ತಕ್ಕೊಂಡ್ ನಿಂತಾವ. ನಮ್ಮ ಸೊಸಿ ಶಾಲುಬಾಯಿ ಕೂಸಿನ ಕರ್ಕೊಂಡು ಪುಣೇಕ ಹೋಗ್ತೇನಿ ಅಂತ ಗಂಟು ಕಟ್ಯಾಳ್ರಿ. ಅಕಿ ಹೋದ್ರ ಮನ್ಯಾಗ ನಾ ಒಬ್ಬಾಕಿ ಮತ್ತ ಕುರಿ. ನಿಮ್ಮ ಚಲೋ ಗಾಡಿ ನೀವೇ ಇಟ್ಕೊಳ್ರಿ. ನಮಗ ಆ ಕೆಟ್ಟ ಗಾಡಿನೇ ಕಳಸ್ರಿ."

10. ಕೋರಿಕೆಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಯಿತು. ಆದರೆ ಹಳೆಯ ಕಾರು ಅಷ್ಟರಲ್ಲಿ ಗುಜರಿ ಸೇರಿದ್ದು, ಅದರ ಮುಂದಿನ ಬಾಗಿಲು ಈಗ ಯಾರದೋ ಕೋಳಿಗೂಡಿಗೆ ಚೆನ್ನಾಗಿ ಕೂಡಿಕೊಂಡಿದೆ. ಟ್ಯಾಂಕರನ್ನು ಮರಳಿ ಆರಂಭಿಸಬೇಕಾದರೆ ಅಧಿಕಾರಿಯು ಸ್ಥಳದಲ್ಲಿ ನಿಂತು ಅಹವಾಲು ಕೇಳಿರಬೇಕು. ಕಾರು ಕುದಿಯದೆ ಅಧಿಕಾರಿ ನಿಂತ ಪೂರ್ವನಿದರ್ಶನ ಈ ವಿಭಾಗದಲ್ಲಿಲ್ಲ.

11. ಆದಕಾರಣ ಹೊಸ ಕಾರನ್ನು ಕುದಿಯುವಂತೆ ಮಾಡಿಕೊಡಲು ಭಾಲ್ಕಿಯ ಗ್ಯಾರೇಜಿಗೆ ಒಯ್ಯಲಾಯಿತು. ಮಾಲೀಕರಾದ ಫಕ್ರೋದ್ದೀನ ಅವರು ಬಾನೆಟ್ ಎತ್ತಿ ನೋಡಿ, "ಕುದಿಯೋ ಗಾಡಿ ಆರಿಸೋದು ನನ್ನ ಕಸಬು ಸಾಹೇಬ್ರ. ಚಲೋ ಗಾಡಿ ಕುದಿಸು ಅಂದ್ರ ನನ್ನ ಕೈ ಏಳಂಗಿಲ್ರಿ" ಎಂದು ಬಾನೆಟ್ ಮುಚ್ಚಿರುತ್ತಾರೆ. ಇದರಿಂದ ಈ ವಿಭಾಗಕ್ಕೆ ತೀವ್ರ ಮುಜುಗರವಾಗಿದೆ.

ಭಾಗ ಎರಡು: ನಿಯಮಗಳು

ಮೇಲ್ಕಂಡ ಎಲ್ಲ ಅಂಶಗಳನ್ನು ಪರಿಗಣಿಸಿ, ತಕ್ಷಣದಿಂದ ಜಾರಿಗೆ ಬರುವಂತೆ ಸಂಬಂಧಪಟ್ಟ ಎಲ್ಲರಿಗೂ ಈ ಕೆಳಗಿನಂತೆ ಸೂಚಿಸಲಾಗಿದೆ.

12. ಎಕಂಬಾ ಬಸ್ ನಿಲ್ದಾಣ ತಲುಪಿದೊಡನೆ ಹೊಸ ಕಾರು ಕುದಿಯುತ್ತಿದೆ ಎಂದು ಭಾವಿಸತಕ್ಕದ್ದು. ಹಬೆ ಬರಲೇಬೇಕೆಂಬ ನಿರ್ಬಂಧವಿಲ್ಲ.

13. ಚಾಲಕರು ಇಳಿದು ಬಾನೆಟ್ ಎತ್ತಿ, ಒಳಗೆ ಬಗ್ಗಿ ನೋಡಿ, ಒಮ್ಮೆ ತಲೆ ಕೆರೆದುಕೊಳ್ಳತಕ್ಕದ್ದು. ತಾಲೀಮಿನ ವೇಳೆ ಮಚ್ಛೇಂದ್ರ ಅವರು ನಕ್ಕಿರುವುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ.

14. ಅಧಿಕಾರಿಯು ಗಡಿಯಾರ ನೋಡಿ, "ಅಯ್ಯೋ, ಮತ್ತೆ ಕುದಿಯಿತೇ" ಎಂದು ಬೇಸರ ವ್ಯಕ್ತಪಡಿಸಿ, ಕಟ್ಟೆಯ ಮೇಲೆ ಕೂರತಕ್ಕದ್ದು. ಕುದಿಯುತ್ತಿರುವ ಕಾರಿನೊಳಗೆ ಎ.ಸಿ. ಹಾಕಿಕೊಂಡು ಕೂರುವಂತಿಲ್ಲ.

15. ಜಿಜಾಬಾಯಿ ಅವರು ತರುವ ನೀರನ್ನು ಹೊಸ ಕಾರಿಗೆ ಸುರಿಯತಕ್ಕದ್ದಲ್ಲ. ತುಂಬಿದ ಕೊಡವನ್ನು ಕಾರಿಗೆ ಒಮ್ಮೆ ತೋರಿಸಿ, ತುಳುಕದಂತೆ ಅವರ ಮನೆಗೇ ಮರಳಿಸತಕ್ಕದ್ದು. ಇಷ್ಟು ವರ್ಷ ಬರದಲ್ಲೂ ಕಾರಿಗೆ ನೀರು ಕುಡಿಸಿದವರ ಋಣವನ್ನು ಯಾವ ಶೀರ್ಷಿಕೆಯಡಿ ತೀರಿಸಬೇಕೆಂದು ಸ್ಪಷ್ಟೀಕರಣ ಕೋರಲಾಗಿದೆ. ಉತ್ತರ ಬಂದಿಲ್ಲ.

16. ಈ ನಿಯಮಗಳ ಕರಡಿನ ಸುದ್ದಿ ಹಬ್ಬಿದ ಮೇಲೆ, ಖಟಕ ಚಿಂಚೋಳಿಯ ಶ್ರೀ ಮಡೆಪ್ಪ ಎಂಬುವರು ಕಚೇರಿಗೆ ಬಂದು, "ನಮ್ಮೂರಾಗ ಕುದಿಯೋದು ಆಗಂಗಿಲ್ಲಂದ್ರ ಟೈರ್ ಆದ್ರೂ ಪಂಚರ್ ಆಗ್ಲಿರಿ" ಎಂದು ಮನವಿ ಮಾಡಿರುತ್ತಾರೆ. ಮನವಿ ನ್ಯಾಯಯುತವಾಗಿದೆ. ಪ್ರತಿ ಗುರುವಾರ ಖಟಕ ಚಿಂಚೋಳಿಯಲ್ಲಿ ಕಾರಿನ ಎಡಗಡೆಯ ಹಿಂದಿನ ಟೈರು ಪಂಚರ್ ಆಗಿದೆಯೆಂದು ಭಾವಿಸತಕ್ಕದ್ದು.

17. ಕಾರು ವಾಸ್ತವವಾಗಿ ಬಿಸಿಯಾಗದ ಕಾರಣ, ಅದು ಯಾವಾಗ ಆರಿತು ಎಂದು ತೀರ್ಮಾನಿಸಲು ಯಂತ್ರದಿಂದ ಸಾಧ್ಯವಿಲ್ಲ. ಆದ್ದರಿಂದ, ದೀರ್ಘ ಅನುಭವವನ್ನು ಮನ್ನಿಸಿ, ಕಾರು ಆರಿದೆ ಎಂದು ಪ್ರಮಾಣೀಕರಿಸುವ ಅಧಿಕಾರವನ್ನು ಜಿಜಾಬಾಯಿ ಅವರಿಗೆ ವಹಿಸಲಾಗಿದೆ. ಅವರು ಬಾನೆಟ್ ಮೇಲೆ ಕೈಯಿಟ್ಟು "ಆರ್ಯಾದ, ಹೋಗ್ರಿ" ಎನ್ನುವವರೆಗೆ ಕಾರಾಗಲಿ, ಅಧಿಕಾರಿಯಾಗಲಿ ಸ್ಥಳದಿಂದ ಕದಲತಕ್ಕದ್ದಲ್ಲ. ಇದರ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ.

18. ಕಲಂ 17ನ್ನು ಬರೆಯುವಾಗ ಅದರ ಪರಿಣಾಮಗಳನ್ನು ಪೂರ್ತಿಯಾಗಿ ಯೋಚಿಸಿರಲಿಲ್ಲ ಎಂಬುದನ್ನು ಕೆಳಗೆ ಸಹಿ ಮಾಡಿದವರು ದಾಖಲಿಸಬಯಸುತ್ತಾರೆ. ಈ ನಿಯಮಗಳನ್ನು ಪ್ರಾಯೋಗಿಕವಾಗಿ ಇಂದು ಬೆಳಿಗ್ಗೆ ಎಕಂಬಾದಲ್ಲಿ ಜಾರಿಗೆ ತರಲಾಗಿದೆ. ಅಹವಾಲು ಕೇಳಿ ಮುಗಿದಿದೆ. ಟ್ಯಾಂಕರು ಕಳಿಸಲು ಬೀದರದ ಟ್ಯಾಂಕರ್ ಶಾಖೆಗೆ ಫೋನಿನಲ್ಲಿ ತಿಳಿಸಲಾಗಿದೆ, ನೋಡೋಣ ಎಂಬ ಉತ್ತರ ಬಂದಿದೆ. ಜಿಜಾಬಾಯಿ ಅವರು ಆಗಾಗ ಬಂದು ಬಾನೆಟ್ ಮುಟ್ಟಿ, "ಇನ್ನಾ ಭಾಳ ಸುಡ್ಲಾಕತ್ತದ್ರಿ ಸಾಹೇಬ್ರ, ಕೂಡ್ರಿ" ಎಂದು ಹೇಳಿ ಹೋಗುತ್ತಿದ್ದಾರೆ.

(ಸಹಿ/-)
ವಿಶೇಷ ಅಧಿಕಾರಿ (ಬರ ಮತ್ತು ಕಾರು)
ಬರ ವೀಕ್ಷಣಾ ವಾಹನ ವಿಭಾಗ, ಬೀದರ
ಶಿಬಿರ: ಎಕಂಬಾ ಬಸ್ ನಿಲ್ದಾಣದ ಕಟ್ಟೆ

ಪ್ರತಿಗಳು:

1. ವಿಭಾಗದ ಎಲ್ಲ ಅಧಿಕಾರಿಗಳಿಗೆ, ದಿಂಬು ಸಹಿತ ಪಾಲಿಸಲು.

2. ಕಾರಿನ ಕಂಪನಿಗೆ. ಮುಂದಿನ ಮಾದರಿಯಲ್ಲಿ ಕುದಿಯುವ ಸೌಲಭ್ಯವನ್ನು ಮರಳಿ ಒದಗಿಸುವಂತೆ ಕೋರಿ.

3. ಶ್ರೀ ಫಕ್ರೋದ್ದೀನ, ಗ್ಯಾರೇಜ್ ಮಾಲೀಕರು, ಭಾಲ್ಕಿ. ಮನಸ್ಸು ಬದಲಾದಲ್ಲಿ ತಿಳಿಸಲು.

4. ಶ್ರೀ ಮಡೆಪ್ಪ, ಖಟಕ ಚಿಂಚೋಳಿ. ರಸ್ತೆಯಲ್ಲಿ ತಾವೇ ಮೊಳೆ ಇಡಬಾರದೆಂಬ ಸೂಚನೆಯೊಂದಿಗೆ.

5. ಶ್ರೀ ಮಚ್ಛೇಂದ್ರ, ಚಾಲಕರು. ಮರದ ನೆರಳಿನಲ್ಲಿ ಮಲಗಿದ್ದಾರೆ, ಎದ್ದ ಮೇಲೆ ಕೊಡಲಾಗುವುದು.

6. ಶ್ರೀಮತಿ ಜಿಜಾಬಾಯಿ, ಪ್ರಮಾಣೀಕರಣ ಅಧಿಕಾರಿ, ಎಕಂಬಾ. ಖುದ್ದಾಗಿ ಓದಿ ಹೇಳಲಾಯಿತು. ಪೂರ್ತಿ ಕೇಳಿ, ಕಾರಿಗೆ ತೋರಿಸಿದ ಕೊಡದ ನೀರಿನಲ್ಲೇ ಚಹಾ ಮಾಡಿಕೊಟ್ಟರು. ಬಾನೆಟ್ ಮುಟ್ಟಲಿಲ್ಲ.

7. ಟ್ಯಾಂಕರ್ ಶಾಖೆ, ಬೀದರ. ನೋಡೋಣ ಎಂದರೆ ಆಗದು. ಪುಣೆಯ ಟೆಂಪೋ ಸಂಜೆ ಬರುತ್ತದೆ. ಶಾಲುಬಾಯಿಯ ಗಂಟು ಹೊಸ್ತಿಲ ಮೇಲಿದೆ, ಕೂಸು ಅದರ ಮೇಲೆ ಕೂತಿದೆ, ನನಗೆ ಕಟ್ಟೆಯಿಂದ ಕಾಣುತ್ತದೆ. ಅಷ್ಟರೊಳಗೆ ಟ್ಯಾಂಕರು ಕಳಿಸಿ. ಕಾರು ಇನ್ನೂ ಆರಿಲ್ಲ.