ಬೂದಿ ದೊರೆಯ ಬೆನ್ನು

ಟ್ರೆವರ್ ಹೆಪ್‌ವರ್ತ್‌ನ ಗ್ರಹಚಾರ ಶುರುವಾದದ್ದು ಬ್ರಿಗ್‌ಹೌಸ್ ಲೈಬ್ರರಿಯ ಬಾಗಿಲಿಗೆ ಅಂಟಿಸಿದ್ದ ಒಂದು ಹಳದಿ ಚೀಟಿಯಿಂದ. ‘ಬೂದಿ ದೊರೆ’ ಕತೆಗಳಿಗೆ ಐವತ್ತು ವರ್ಷ, ಶನಿವಾರ ಸಭಾಂಗಣದಲ್ಲಿ ಅಭಿಮಾನಿಗಳ ಕೂಟ, ಎಲ್ಲರೂ ದೊರೆಯ ವೇಷದಲ್ಲೇ ಬರಬೇಕು, ಹಳೆಯ ಓದುಗರ ಪರವಾಗಿ ಗ್ಲೆನಿಸ್ ಆಕ್ರಾಯ್ಡ್ ಮಾತಾಡುತ್ತಾರೆ. ಆ ಹೆಸರು ಓದಿದ್ದೇ ತಡ, ಅವನ ಕೈಯ ಹಾಲಿನ ಬಾಟಲಿ ಜಾರಿ ಲೈಬ್ರರಿಯ ಮೆಟ್ಟಿಲೆಲ್ಲ ಕ್ಷೀರಸಾಗರವಾಯಿತು.

ಬೂದಿ ದೊರೆ ಒಳ್ಳೆಯವನೇನಲ್ಲ. ತನ್ನ ಊರಿಗೆ ತಾನೇ ಕೊಳ್ಳಿಯಿಟ್ಟು, ಆ ಬೂದಿಯನ್ನು ಮುಖಕ್ಕೆ ಬಳಿದುಕೊಂಡು ಅಲೆಯುವ ಪಾಪಿ. ಅವನ ಕೈ ಹಿಡಿದವರು ಉಳಿಯುವುದಿಲ್ಲವೆಂದು ಶಾಪ. ಅದಕ್ಕೇ ಯಾವ ಹೆಣ್ಣು ಪ್ರೀತಿ ತೋರಿದರೂ ತುಟಿ ಬಿಚ್ಚದೆ ಬೆನ್ನು ತಿರುಗಿಸಿ ನಡೆದುಬಿಡುತ್ತಾನೆ. ಆ ಕಾಲದಲ್ಲಿ ಊರಿನ ಹುಡುಗರೆಲ್ಲ ಅವನಂತಾಗಲು ಹೋಗಿ, ಅಮ್ಮ ಊಟಕ್ಕೆ ಕರೆದರೂ ಬೆನ್ನು ತಿರುಗಿಸುತ್ತಿದ್ದರು.

ಟ್ರೆವರ್, ಗ್ಲೆನಿಸ್ ಇಬ್ಬರಿಗೂ ಸೇರಿ ಒಂದೇ ಪುಸ್ತಕ. ಇವನು ಓದಿ ಮುಗಿಸಿದ ಮೇಲೆ ಅವಳಿಗೆ. ಹತ್ತೊಂಬತ್ತರ ಪ್ರಾಯದಲ್ಲಿ ಒಂದು ಸಂಜೆ ಬಸ್ ಸ್ಟಾಪಿನಲ್ಲಿ ಅವಳು “ನೀನಂದ್ರೆ ನಂಗೆ ಇಷ್ಟ ಕಣೋ” ಅಂದಳು. ಇವನು ಆಗತಾನೆ ಮೂರನೆಯ ಪುಸ್ತಕ ಮುಗಿಸಿದ್ದ. ಕಾಲರ್ ಎತ್ತಿಕೊಂಡು, ಒಂದು ಮಾತೂ ಆಡದೆ ನಡೆದುಬಿಟ್ಟ. ಆ ಮೂರನೆಯ ಪುಸ್ತಕದಲ್ಲಾದರೆ ನಾಯಕಿ ಓಡಿ ಬಂದು ತಡೆಯುತ್ತಾಳೆ. ಆದರೆ ಗ್ಲೆನಿಸ್ ಇನ್ನೂ ಎರಡನೆಯ ಪುಸ್ತಕದಲ್ಲಿದ್ದಳು! ಬಸ್ ಬಂತು, ಹತ್ತಿ ಹೋದಳು. ಆಮೇಲೆ ಲೀಡ್ಸಿನ ಬೇಕರಿಯವನೊಬ್ಬನನ್ನು ಮದುವೆಯಾದಳು. ಟ್ರೆವರ್ ಯಾರನ್ನೂ ಆಗಲಿಲ್ಲ. ಕಣ್ಣು ಮುಚ್ಚಿದರೆ ಈಗಲೂ ಆ ಬಸ್ಸಿನ ಹಿಂದಿನ ಕೆಂಪು ದೀಪ ದೂರ ದೂರ ಹೋಗುತ್ತಲೇ ಇರುತ್ತದೆ.

“ಈ ಸಲ ಹೇಳೇ ಹೇಳ್ತೀನಿ,” ಅಂದ, ಬೇಲಿಯಾಚೆ ಪಕ್ಕದ ಮನೆಯಾಕೆ ಎನಿಡ್‌ಗೆ.

ಎನಿಡ್‌ಗೆ ಹೇಳುವುದೂ ಒಂದೇ, ಡಂಗುರ ಸಾರುವುದೂ ಒಂದೇ. “ಹೇಳಪ್ಪಾ, ಗೋರಿಯೊಳಗೆ ಹೋದ್ಮೇಲೆ ಹೇಳಕ್ಕಾಗುತ್ತಾ? ಮುಖಕ್ಕೇನು ಬಳ್ಕೋತೀಯ?”

“ಬೂದಿ ಬೇಕು. ನಮ್ಮನೇಲಿ ಗ್ಯಾಸು.”

“ನನ್ ಗಂಡ ಸ್ಟ್ಯಾನ್ ಭಾನುವಾರ ಹಿತ್ತಿಲಲ್ಲಿ ಸಾಸೇಜ್ ಸುಟ್ಟಿದ್ದಾನಲ್ಲ, ಒಲೆ ತುಂಬ ಬೂದಿ! ಕೂತ್ಕೋ, ನಾನೇ ಬಳೀತೀನಿ.”

ಬಳಿದಳು, ಗೋಡೆಗೆ ಸುಣ್ಣ ಬಳಿದ ಹಾಗೆ. ಮಲಗುವ ಕೋಣೆಯ ಕಪ್ಪು ಪರದೆ ಕಿತ್ತು ಕೋಟಿನ ಮೇಲೆ ಹೆಗಲಿಗೆ ಹೊದಿಸಿದಳು. ಟ್ರೆವರ್ ಬೀದಿಗಿಳಿದ. ಸಾಸೇಜಿನ ವಾಸನೆ ಅವನಿಗಿಂತ ಮುಂದೆ ನಡೆಯಿತು. ಮೊದಲು ಒಂದು ನಾಯಿ ಹಿಂದೆ ಬಂತು, ಆಮೇಲೆ ಅದರ ನೆಂಟರು, ಚರ್ಚು ದಾಟುವಷ್ಟರಲ್ಲಿ ಯಾರ್ಕ್‌ಶೈರಿನ ಸಮಸ್ತ ನಾಯಿಕುಲ.

“ಇವರೆಲ್ಲ ನಿಮ್ ಕಡೆಯೋರಾ ಯಜಮಾನ್ರೇ?” ಬಸ್ ಹತ್ತುವಾಗ ಡ್ರೈವರ್ ಕೇಳಿದ.

“ನಂಗೆ ಗೊತ್ತೇ ಇಲ್ಲ ಮಾರಾಯ, ಬಾಗಿಲು ಹಾಕು!”

“ನಿಮ್ ಮುಖ ನೆಕ್ಕೋಕೆ ಬಂದಿದಾವೆ. ಪುಣ್ಯವಂತ್ರು. ನನ್ ಹತ್ರ ಹೆಂಡ್ತೀನೂ ಬರಲ್ಲ.”

ಸಭಾಂಗಣದಲ್ಲಿ ನೋಡಿದರೆ ಎಲ್ಲಿ ಕಂಡಲ್ಲಿ ಬೂದಿ ದೊರೆಗಳು. ಗಿಡ್ಡ ದೊರೆ, ಬಸುರಿ ದೊರೆ, ಕೈಗೂಸಿನ ದೊರೆ. ಬಾಗಿಲಲ್ಲಿದ್ದ ಹುಡುಗಿ ಪರದೆಯಡಿಯ ಇವನ ಕೋಟು ಇಸಿದುಕೊಂಡು ಒಳಗೆ ನೇತುಹಾಕಿ, “ತಾತ, ನೀವು ದೊರೆಯ ಯಾವ ವಿಡಿಯೋ ಗೇಮ್ ಆಡಿ ಫ್ಯಾನ್ ಆದ್ರಿ? ಫೋನಿನದಾ, ಟೀವಿದಾ?” ಅಂದಳು.

“ಪುಸ್ತಕ ಓದಿ ಕಣಮ್ಮ.”

“ಅಯ್ಯೋ, ಪುಸ್ತಕಾನೂ ಮಾಡಿಬಿಟ್ರಾ!”

ಚಹಾದ ಮೇಜಿನ ಬಳಿ ಒಂದು ದೊರೆ ವೇಷ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಅದು ಮುರಿದು ಬೀಳುವ ಮೊದಲೇ ತಲೆ ಓರೆ ಮಾಡಿ ಬಾಯಿಗೆ ಹಾಕಿಕೊಂಡಿತು. ಹಾಗೆ ತಲೆ ಓರೆ ಮಾಡುವವಳು ಲೋಕದಲ್ಲಿ ಒಬ್ಬಳೇ. ಟ್ರೆವರ್ ದೊರೆಗಳನ್ನೆಲ್ಲ ತಳ್ಳಿಕೊಂಡು ಮೇಜಿನತ್ತ ನುಗ್ಗಿದ.

“ಗ್ಲೆನಿಸ್!”

“ಟ್ರೆವರ್? ಅಯ್ಯೋ ದೇವರೇ, ನೀನೇನೋ!” ಅವಳ ಕಣ್ಣು ದೀಪ ಹಚ್ಚಿದಂತಾಯಿತು.

ಟ್ರೆವರ್ ಅಣೆಕಟ್ಟು ಒಡೆದಂತೆ ಶುರುಮಾಡಿದ. “ಆವತ್ತು ನಂಗೂ ಇಷ್ಟ ಇತ್ತು. ಈಗ್ಲೂ ಇದೆ. ನೀನು ಓಡಿ ಬರ್ತೀಯ ಅಂತ ತಿರುವಿನ ಗೋಡೆ ಹಿಂದೆ ಕಾಯ್ತಾ ನಿಂತಿದ್ದೆ. ಚಳಿ ಹಿಡಿದು ಒಂದು ವಾರ ಜ್ವರ...” ಜ್ವರ ಮುಗಿಸಿ ಮಂಡಿನೋವಿಗೆ ಬಂದ. ಮಂಡಿನೋವು ಮುಗಿಸಿ ಅದರ ಮುಲಾಮಿಗೆ ಬಂದ.

ಗ್ಲೆನಿಸ್‌ಳ ಮುಖ ಬೇಯುವ ಮೊದಲೇ ತೆಗೆದ ಕೇಕಿನಂತೆ ಕುಸಿಯಿತು.

“ಅಯ್ಯೋ, ಮಾತಾಡಿಬಿಟ್ಯಲ್ಲೋ ಟ್ರೆವರ್!”

“ಯಾಕೆ?”

“ಮೂರನೇ ಪುಸ್ತಕ ಮದುವೆಯಾದ್ಮೇಲೆ ಓದ್ದೆ ಕಣೋ. ಆಗ ಅರ್ಥ ಆಯ್ತು, ನನ್ನ ಉಳಿಸೋಕೇ ನೀನು ಹಾಗೆ ಹೋಗಿದ್ದು ಅಂತ. ನಮ್ಮೆಜಮಾನ್ರು ಸಾಯೋವರ್ಗೂ ಹಗಲೂ ರಾತ್ರಿ ಮೈದಾಹಿಟ್ಟಿನ ರೇಟು ಮಾತಾಡಿದ್ರು. ಅವರು ಮಾತಾಡ್ತಿದ್ರೆ ನಾನು ಮನಸ್ಸಲ್ಲಿ ನಿನ್ನ ಬೆನ್ನು ನೋಡ್ತಾ ಕೂತಿರ್ತಿದ್ದೆ. ಅಷ್ಟೇ ಇದ್ದಿದ್ದು ನನ್ ಹತ್ರ.”

“ಆವತ್ತೇ ಓಡಿ ಬಂದಿದ್ರೆ ನಾನೇ ಸಿಕ್ತಿದ್ದೆ.”

“ಸಿಕ್ಕಿದ್ರೆ ನೀನೂ ಮುಲಾಮಿನ ರೇಟು ಮಾತಾಡ್ತಿದ್ದೆ,” ಅಂದಳು. ಕಣ್ಣಂಚಿನಲ್ಲಿ ಬೂದಿ ಒದ್ದೆಯಾಗಿತ್ತು. “ಈಗ ನಾನು ವೇದಿಕೆ ಮೇಲೆ ಹೇಳೋದು ನಿನ್ನ ಕತೇನೇ. ನನಗೋಸ್ಕರ ಇನ್ನೊಂದ್ಸಲ ಹಾಗೇ ಹೋಗಿಬಿಡೋ. ಈ ಮಂಡಿನೋವೆಲ್ಲ ಮರ್ತುಬಿಡ್ತೀನಿ.”

ಟ್ರೆವರನ ಬಾಯಲ್ಲಿ ಇನ್ನೂ ಒಂದು ಜನ್ಮಕ್ಕಾಗುವಷ್ಟು ಮಾತಿತ್ತು. ಎಲ್ಲವನ್ನೂ ನುಂಗಿ, ಬೆನ್ನು ತಿರುಗಿಸಿ, ಮಂಡಿನೋವು ಕಾಣದಂತೆ ನೆಟ್ಟಗೆ ನಡೆದ. ಗಿಡ್ಡ ದೊರೆ, ಬಸುರಿ ದೊರೆ ಎಲ್ಲ ಬಾಯಿ ತೆರೆದು ದಾರಿ ಬಿಟ್ಟರು. ಹಿಂದೆ ಮೈಕಿನಲ್ಲಿ ಗ್ಲೆನಿಸ್‌ಳ ದನಿ ಕೇಳಿಸಿತು: “ಅವನು ಹೋಗ್ತಾ ಒಂದೇ ಒಂದು ಮಾತಾಡ್ಲಿಲ್ಲ ನೋಡಿ...” ಸೂರು ಹಾರಿಹೋಗುವಂಥ ಚಪ್ಪಾಳೆ.

ಹೊರಗೆ ಜಡಿಮಳೆ. ಬಾಗಿಲ ಹುಡುಗಿ ಹಿಂದೆಯೇ ಓಡಿ ಬಂದಳು. “ತಾತ, ತಾತ! ನಿಮ್ ಕೋಟು ಒಳಗೇ ಉಳೀತು, ಬಸ್ ಪಾಸೂ ಅದ್ರಲ್ಲೇ ಇದೆ! ತಂದ್ಕೊಡ್ಲಾ?”

ಒಳಗಿನ ಕಿಟಕಿಯಿಂದ ಗ್ಲೆನಿಸ್ ಮೈಕು ಹಿಡಿದೇ ಇತ್ತ ನೋಡುತ್ತಿದ್ದಳು.

ಟ್ರೆವರ್ ಬಾಯಿ ತೆರೆದ. ಮುಚ್ಚಿದ. ಆಮೇಲೆ ಪರದೆಯನ್ನು ಬಿಗಿಯಾಗಿ ಹೊದ್ದುಕೊಂಡು, ಮಳೆಯಲ್ಲೇ ಮನೆಯ ದಾರಿ ಹಿಡಿದ.