ಅರ್ಜುನಪ್ಪನವರ ಸೌದೆ ಗಾಡಿ

ಇನ್ನು ಮುಂದೆ ತಮ್ಮ ಮನೆಯ ಒಲೆಗೆ ಅಂಗಡಿಯಿಂದ ಸೀಳಿದ ಸೌದೆ ತರುವುದಿಲ್ಲ ಎಂದು ಅರ್ಜುನಪ್ಪನವರು ಮಹಾಲಯ ಅಮಾವಾಸ್ಯೆಯ ಮರುದಿನ ಚಾಮರಾಜಪೇಟೆಯ ಐದನೇ ರಸ್ತೆಗೆಲ್ಲ ಕೇಳುವಂತೆ ಘೋಷಿಸಿದರು. ಊರಿಗೆ ಕರೆಂಟು ದೀಪ ಬಂದು ಏಳೆಂಟು ವರ್ಷವಾಯಿತು, ಜನ ಮಾತ್ರ ಇನ್ನೂ ಸೌದೆ ಅಂಗಡಿಯವನು ತೂಗಿದ್ದನ್ನು ಕಣ್ಣು ಮುಚ್ಚಿಕೊಂಡು ಹೊತ್ತು ತರುತ್ತಾರೆ, ಅದರಲ್ಲಿ ಅರ್ಧ ತೊಗಟೆ, ಉಳಿದರ್ಧ ಗೆದ್ದಲು ಎಂದು ಜಗಲಿಯ ಮೇಲೆ ನಿಂತು ಎದುರು ಮನೆಯವರಿಗೂ ಪಕ್ಕದ ಮನೆಯವರಿಗೂ ತಿಳಿವಳಿಕೆ ಹೇಳಿದರು. ಸಿದ್ದಿಕಟ್ಟೆ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ ತರಕಾರಿ ಮಾರಿದವರು ಅವರು. ಬದನೆಕಾಯಿಯನ್ನು ಮುಟ್ಟದೆಯೇ ಒಳಗೆ ಹುಳು ಇದೆಯೋ ಇಲ್ಲವೋ ಹೇಳಬಲ್ಲವರು. ಅಂಥವರಿಗೆ ಒಂದು ಮರದ ತುಂಡು ಯಾವ ಮಹಾ!

ಈ ಆವೇಶಕ್ಕೆಲ್ಲ ಕಾರಣ ಬೀಗಿತ್ತಿ ದೊಡ್ಡಮುನಿಯಮ್ಮನವರು. ಬೇಸಗೆಯಲ್ಲಿ ಮಗಳು ಮುನಿಲಕ್ಷ್ಮಮ್ಮನ ಮದುವೆಯಾದಾಗ ಹಸಿ ಸೌದೆಯ ದೆಸೆಯಿಂದ ಊಟ ಎರಡು ಗಂಟೆ ತಡವಾಗಿತ್ತು, ಸಾರಿಗೆಲ್ಲ ಹೊಗೆ ವಾಸನೆ ಹತ್ತಿತ್ತು. ಬೀಗಿತ್ತಿ ಎಲೆಯ ಮುಂದೆ ಕೂತು ಮೂಗಿಗೆ ಸೆರಗು ಹಿಡಿದದ್ದನ್ನು ಇಡೀ ಪಂಕ್ತಿಯೇ ನೋಡಿತ್ತು. ಅಂದಿನಿಂದ ಹಲಸೂರಿನ ಆ ಮನೆಯಲ್ಲಿ ಸೊಸೆ ಒಲೆ ಹಚ್ಚಲು ಕೂತರೆ ಸಾಕು, ನಿಮ್ಮ ತೌರಿನ ಹಾಗೆ ಹೊಗೆ ಎಬ್ಬಿಸಬೇಡವೆಂದು ಅತ್ತೆ ಹೇಳುತ್ತಾರಂತೆ. ಮಗಳು ಇದನ್ನು ನಗುನಗುತ್ತಲೇ ಹೇಳಿದ್ದಳು. ಆದರೆ ಅವಳು ನಕ್ಕ ರೀತಿ ಅಪ್ಪನಿಗೆ ಚೆನ್ನಾಗಿ ಗೊತ್ತು. ಈಗ ಮಹಾನವಮಿಯ ಮಧ್ಯಾಹ್ನ ಬೀಗರ ಕಡೆಯ ಇಪ್ಪತ್ತು ಮಂದಿ ಮೊದಲ ಹಬ್ಬದ ಊಟಕ್ಕೆ ಬರುವವರಿದ್ದರು. ಊಟ ಹೊತ್ತಿಗೆ ಸರಿಯಾಗಿ ಎಲೆಗೆ ಬೀಳಬೇಕು, ಹೊಗೆಯ ಸೋಂಕೂ ಇರಬಾರದು. ಮಗಳು ಅತ್ತೆಯ ಮನೆಯಲ್ಲಿ ತಲೆಯೆತ್ತಿಕೊಂಡು ಓಡಾಡಬೇಕು.

ಹೆಂಡತಿ ಪಿಳ್ಳಮ್ಮನ ಸಲಹೆ ಬಹಳ ಚಿಕ್ಕದಾಗಿತ್ತು. ಕೂಲಿಗೆ ಸೌದೆ ಸೀಳುವ ಪುಟ್ಟಯ್ಯನನ್ನು ಕರೆದರೆ ಒಂದು ಹೊತ್ತಿನಲ್ಲಿ ಕೆಲಸ ಮುಗಿಸುತ್ತಾನೆ, ಮನೆಯಲ್ಲಿರುವ ಹಳೇ ಕೊಡಲಿಯೇ ಸಾಕು ಎಂದಳು.

"ಹಳೇ ಕೊಡಲಿ, ಹಳೇ ಪುಟ್ಟಯ್ಯ. ಅದಕ್ಕೇ ಹಳೇ ಹೊಗೆ," ಎಂದು ಅರ್ಜುನಪ್ಪನವರು ಪೇಟ ಸುತ್ತಿಕೊಂಡು ಬಳೇಪೇಟೆಗೆ ಹೊರಟರು.

ಕಬ್ಬಿಣದ ಅಂಗಡಿಯಲ್ಲಿ ಏಳು ಕೊಡಲಿಗಳನ್ನು ಸಾಲಾಗಿ ಮಲಗಿಸಿಕೊಂಡು ಪರೀಕ್ಷೆ ಶುರುವಾಯಿತು. ಕೊಡಲಿ ಆರಿಸುವುದು ಹೇಗೆಂದು ಅವರಿಗೆ ತಿಳಿದಿರಲಿಲ್ಲ, ಆದರೆ ಆರಿಸುವುದು ಹೇಗೆಂದು ಚೆನ್ನಾಗಿ ತಿಳಿದಿತ್ತು. ಒಂದೊಂದನ್ನೂ ಕೈಯಲ್ಲಿ ತೂಗಿದರು, ಬೆರಳ ಗೆಣ್ಣಿನಿಂದ ಕುಂಬಳಕಾಯಿ ಬಡಿದ ಹಾಗೆ ಬಡಿದು ಕಿವಿಯ ಹತ್ತಿರ ಹಿಡಿದರು, ಕಾವನ್ನು ಮೂಸಿಯೂ ನೋಡಿದರು. ಇದು ಎಳೆಯದು, ಬಲಿತದ್ದು ಕೊಡಿ ಎಂದು ಕೇಳಿದಾಗ ಅಂಗಡಿಯವನು ಒಂದು ಗಳಿಗೆ ಅವರ ಮುಖ ನೋಡಿ, ಯಾರೂ ಕೊಳ್ಳದೆ ಮೂಲೆಯಲ್ಲಿ ಬಿದ್ದಿದ್ದ ಅತಿ ಭಾರದ ಕೊಡಲಿಯನ್ನು ಎರಡು ಕೈಯಲ್ಲಿ ಎತ್ತಿ ತಂದುಕೊಟ್ಟ. ಅದರ ಜೊತೆಗೆ ಎರಡು ಬೆಣೆ, ಬೆಣೆ ಹೊಡೆಯಲು ಒಂದು ಸಮ್ಮಟಿಗೆ. ಸಮ್ಮಟಿಗೆಯನ್ನು ಎತ್ತಲಾಗದಿದ್ದಾಗ ಅರ್ಜುನಪ್ಪನವರಿಗೆ ಅದು ಒಳ್ಳೆಯ ಮಾಲೇ ಎಂದು ಖಾತ್ರಿಯಾಯಿತು.

ಇವನ್ನೆಲ್ಲ ಸಾಗಿಸಲು ಗಾಡಿ ಬೇಡವೇ? ಪಕ್ಕದ ಓಣಿಯಲ್ಲಿ ಗಂಗಾಧರಯ್ಯ ಎಂಬಾತ ಬಳಸಿದ ಕೈಗಾಡಿಗಳನ್ನು ಮಾರುತ್ತಿದ್ದ. ಅವನು ಒಂದು ಬೋಳು ಗಾಡಿಯ ಹಲಗೆಯನ್ನು ತಟ್ಟಿ ತೋರಿಸಿದ.

"ಹತ್ತು ವರ್ಷ ಪೇಟೆ ಬಿಸಿಲಲ್ಲಿ ಒಣಗಿರೋ ಮರ ಯಜಮಾನ್ರೇ. ಒಳಗೆ ಒಂದು ತೊಟ್ಟು ನೀರಿಲ್ಲ."

ಹಲಗೆ ಠಣ್ ಎಂದಿತು. ತೆಂಗಿನಕಾಯಿಯಾಗಿದ್ದರೆ ಅರ್ಜುನಪ್ಪನವರು ಅದನ್ನು ಕೊಬ್ಬರಿಯೆಂದು ಬದಿಗಿಡುತ್ತಿದ್ದರು. ಗಾಡಿಯಾದ್ದರಿಂದ ಕೊಂಡರು.

ಗವೀಪುರದ ಕಡೆ ಹಿಂದಿನ ವರ್ಷ ಗಾಳಿಗೆ ಬಿದ್ದು ಒಣಗಿದ್ದ ಒಂದು ಹುಣಸೆಮರದ ಬುಡವನ್ನು ಅವರು ಮೊದಲೇ ಗೊತ್ತುಮಾಡಿದ್ದರು. ಅಷ್ಟಮಿಯ ಸಂಜೆ ಮಾರ್ಕೆಟ್ಟಿನ ನಾಲ್ವರು ಆಳುಗಳು ಆ ಕೊರಡನ್ನು ಗಾಡಿಗೆ ಏರಿಸಿ, ಮುಂದೆ ಅರ್ಜುನಪ್ಪನವರು ದಾರಿ ಬಿಡಿಸುತ್ತ, ದೇವರ ಉತ್ಸವದ ಗತ್ತಿನಲ್ಲಿ ಐದನೇ ರಸ್ತೆಗೆ ತಂದರು. ಜನ ಬಾಗಿಲಿಗೆ ಬಂದು ನೋಡಿದರು. ಮನೆಯ ಮುಂದೆ ಗಾಡಿ ನಿಂತಿತು. ಎಲ್ಲರೂ ನೋಡುತ್ತಿರುವಾಗ ಕೊರಡನ್ನು ಇಳಿಸುವ ಗೌರವ ತಮ್ಮದೇ ಆಗಬೇಕೆಂದು ಅರ್ಜುನಪ್ಪನವರು ಅದು ಹೊರಳದಂತೆ ಒತ್ತು ಕೊಟ್ಟಿದ್ದ ಕಲ್ಲನ್ನು ಎಳೆದರು. ಕೊರಡು ಒಂದು ಸುತ್ತು ಹೊರಳಿತು, ಗಾಡಿ ಮೂತಿ ಮೇಲೆತ್ತಿತು, ಹಲಗೆಗಳು ಪಟಪಟನೆ ಮುರಿದವು. ಧೂಳು ಅಡಗಿದಾಗ ಕೊರಡು ಕ್ಷೇಮವಾಗಿ ಹಿತ್ತಲ ದಾರಿಗೆ ಅಡ್ಡ ಮಲಗಿತ್ತು. ಗಾಡಿ ಎಂಬುದು ಎರಡು ಚಕ್ರ ಮತ್ತು ಒಂದು ರಾಶಿ ಚೂರಾಗಿತ್ತು.

ಕತ್ತಲಾಗುವ ಮುಂಚೆ ನಾಲ್ಕು ಏಟಾದರೂ ಹಾಕಿ ಎಂದು ಪಿಳ್ಳಮ್ಮ ಅಂಗಲಾಚಿದಳು. ಹೊಸ ಕಬ್ಬಿಣ ಪೂಜೆಯಾಗದೆ ಮರ ಮುಟ್ಟಕೂಡದು, ಬೆಳಿಗ್ಗೆ ಪೂಜೆ, ಆಮೇಲೆ ಸೀಳುವುದು ಎಂದು ಅರ್ಜುನಪ್ಪನವರು ಗಂಭೀರವಾಗಿ ಹೇಳಿದರು. ಮಹಾನವಮಿ ಆಯುಧಪೂಜೆಯ ದಿನ ಎಂಬುದು ಅವರಿಗೆ ಗೊತ್ತಿತ್ತು. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯ ತನಕ ಮುಟ್ಟುವ ಹಾಗಿಲ್ಲ ಎಂಬುದೂ ಗೊತ್ತಿತ್ತು. ಆದರೆ ಈ ಎರಡು ಸಂಗತಿಗಳು ಅವರ ತಲೆಯ ಎರಡು ಬೇರೆ ಕೋಣೆಗಳಲ್ಲಿ ವಾಸವಾಗಿದ್ದವು, ಒಂದನ್ನೊಂದು ಮಾತಾಡಿಸಿರಲಿಲ್ಲ.

ಬೆಳಿಗ್ಗೆ ಪೂಜೆ ಅದ್ಧೂರಿಯಾಗಿ ನಡೆಯಿತು. ಕೊಡಲಿ, ಬೆಣೆ, ಸಮ್ಮಟಿಗೆ, ಹಳೇ ಕೊಡಲಿ, ಮಚ್ಚು, ತೋಟದ ಗುದ್ದಲಿ ಎಲ್ಲಕ್ಕೂ ಅರಿಸಿನ, ಕುಂಕುಮ, ಸೇವಂತಿಗೆ. ಮನೆಯಲ್ಲಿ ಹರಿತವಾದದ್ದು ಒಂದನ್ನೂ ಅವರು ಬಿಡಲಿಲ್ಲ. ಈಳಿಗೆಮಣೆಯ ಕಡೆಗೂ ಬಂದರು. ಹುಳಿಗೆ ತರಕಾರಿ ಹೆಚ್ಚುತ್ತಿದ್ದ ಪಿಳ್ಳಮ್ಮ ಅದರ ಮೇಲೇ ಗಟ್ಟಿಯಾಗಿ ಕೂತಿದ್ದರಿಂದ ಅದೊಂದು ಉಳಿಯಿತು. ಗಾಡಿಯ ಚೂರುಗಳಿಗೂ ಒಂದು ಹೂವಿಡಿ ಎಂದು ಯಾರೋ ಹೇಳಿದಾಗ, ಬೀದಿಯಲ್ಲಿ ಮಾನ ಕಳೆದ ವಸ್ತುವಿಗೆ ಪೂಜೆಯಿಲ್ಲ ಎಂದು ಮುಖ ತಿರುಗಿಸಿದರು.

ಮಂಗಳಾರತಿಯಾಯಿತು. ಅರ್ಜುನಪ್ಪನವರು ಪಂಚೆ ಮೇಲಕ್ಕೆ ಕಟ್ಟಿ ಕೊಡಲಿಗೆ ಕೈ ಹಾಕಿದರು. ಪಕ್ಕದಲ್ಲೇ ಕೂತಿದ್ದ ಎಂಬತ್ತು ವರ್ಷದ ತಾಯಿ ಅಕ್ಕಯಮ್ಮನವರು ಊರುಗೋಲಿನಿಂದ ಅವರ ಮಣಿಕಟ್ಟಿನ ಮೇಲೆ ಒಂದು ಕೊಟ್ಟರು.

"ನಾಳೆ ಬೆಳಗಾಗೋವರ್ಗೂ ಅದು ಅಮ್ಮನವರದ್ದು ಕಣೋ. ಮುಟ್ಟಿ ನೋಡು."

ಆಗ ಆ ಎರಡು ಕೋಣೆಗಳ ನಡುವಿನ ಬಾಗಿಲು ತೆರೆಯಿತು. ಅರ್ಜುನಪ್ಪನವರು ಕೊಡಲಿಯಿಂದ ಕೈ ತೆಗೆದರು.

ಸೌದೆ ಅಂಗಡಿಗೆ ಓಡಿದರು. ಸೀಳಿದ ಸೌದೆ ಬೆಟ್ಟದಷ್ಟಿತ್ತು, ಆದರೆ ತಕ್ಕಡಿಗೆ ಪೂಜೆಯಾಗಿತ್ತು. ತೂಗದೆ ಕೊಡುವುದಕ್ಕೆ ಅಂಗಡಿಯವನು ಒಪ್ಪಲಿಲ್ಲ. ಅರ್ಧ ತೊಗಟೆ, ಅರ್ಧ ಗೆದ್ದಲು ನಿಮಗ್ಯಾಕೆ ಯಜಮಾನ್ರೇ ಎಂದೂ ಕೇಳಿದ. ಪುಟ್ಟಯ್ಯನ ಗುಡಿಸಲಿಗೆ ಹೋದರೆ ಅವನ ಕೊಡಲಿ ಹೂವು ಮುಡಿದು ಗೋಡೆಗೆ ಒರಗಿತ್ತು, ಪುಟ್ಟಯ್ಯನೂ ಅದರ ಪಕ್ಕದಲ್ಲೇ ಒರಗಿದ್ದ. ಇನ್ನು ನೆರೆಮನೆಗಳು. ಯಾರ ಸೌದೆಯನ್ನು ಎಂಟು ದಿನವಿಡೀ ಆಡಿಕೊಂಡಿದ್ದರೋ ಅವರ ಬಾಗಿಲಲ್ಲೇ ಕೈಯೊಡ್ಡಬೇಕು! ಅರ್ಜುನಪ್ಪನವರು ಬರಿಗೈಯಲ್ಲಿ ಮನೆಗೆ ಮರಳಿದರು. ಜಗಲಿಯ ಮೇಲೆ ಕುಸಿದು ಕೂತರು. ಮಗಳ ಮುಖ ಕಣ್ಣ ಮುಂದೆ ಬಂದು, ಮೂವತ್ತು ವರ್ಷ ಮಾರ್ಕೆಟ್ಟಿನಲ್ಲಿ ಯಾರಿಗೂ ಸೋಲದವರಿಗೆ ಅಳು ಬರುವ ಹಾಗಾಯಿತು.

ಒಳಗಿನಿಂದ ಪಿಳ್ಳಮ್ಮ ಬಂದಳು. ಬೇಳೆ ತೊಳೆದಾಗಿತ್ತು, ಹೂರಣದ ಬೆಲ್ಲ ಕುಟ್ಟಿದ್ದಾಗಿತ್ತು, ಒಲೆ ತಣ್ಣಗಿತ್ತು. ಅವಳು ಗಂಡನನ್ನು ನೋಡಿದಳು, ಆಮೇಲೆ ಅವರ ಆಚೆಗೆ ನೋಡಿದಳು.

"ಮನೇಲಿ ಪೂಜೆ ಆಗದೇ ಇರೋದು ಇನ್ನು ಎರಡೇ," ಎಂದಳು. "ನೀವು, ಆ ಗಾಡಿ. ನಿಮ್ಮನ್ನ ಒಲೆಗೆ ಹಾಕಿದ್ರೆ ಹೊಗೆ ಬರುತ್ತೆ."

ಅವಳು ಸೆರಗು ಸಿಕ್ಕಿಸಿ ಹಲಗೆ ಚೂರುಗಳನ್ನು ಆರಿಸತೊಡಗಿದಳು. ಗಂಗಾಧರಯ್ಯ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಹತ್ತು ವರ್ಷ ಒಣಗಿದ ಮರ ಕರ್ಪೂರದ ಹಾಗೆ ಹತ್ತಿಕೊಂಡಿತು. ಅನ್ನಕ್ಕೆ ತಳದ ಹಲಗೆ, ಹುಳಿಗೆ ಪಕ್ಕದ ಪಟ್ಟಿಗಳು, ಒಬ್ಬಟ್ಟಿನ ಹದವಾದ ಉರಿಗೆ ಕಲ್ಲಿನಿಂದ ಬಡಿದು ಬಿಡಿಸಿದ ಚಕ್ರದ ಅರಗಳು. ಉದ್ದವಾಗಿದ್ದ ಎಳೆಯುವ ಕೋಲನ್ನು ಅರ್ಜುನಪ್ಪನವರೇ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಇಂಚಿಂಚಾಗಿ ಒಳಗೆ ತಳ್ಳಿದರು.

ಹನ್ನೆರಡಕ್ಕೆ ಬೀಗರು ಬಂದರು, ಹನ್ನೆರಡೂವರೆಗೆ ಎಲೆ ಬಿತ್ತು. ದೊಡ್ಡಮುನಿಯಮ್ಮನವರು ಹುಳಿಯನ್ನು ಕಲೆಸಿದರು, ಮೂಸಿದರು, ತಿಂದರು. ಸೆರಗು ಮೂಗಿಗೆ ಹೋಗಲಿಲ್ಲ. ಮೂರನೇ ಒಬ್ಬಟ್ಟಿಗೆ ಅವರಿಂದ ಮಾತು ಹೊರಟಿತು. ಒಂದು ಎಳೆ ಹೊಗೆಯಿಲ್ಲ, ಇಂಥ ಸೌದೆ ನಾನು ಕಂಡಿಲ್ಲ, ಎಲ್ಲಿಯದು ಎಂದು ಕೇಳಿದರು. ಬಡಿಸುತ್ತಿದ್ದ ಮುನಿಲಕ್ಷ್ಮಮ್ಮ ಅಲ್ಲೇ ನಿಂತು ಅಪ್ಪನ ಕಡೆ ನೋಡಿದಳು. ಈ ಸಲದ ನಗು ಬೇರೆಯಾಗಿತ್ತು.

"ಇವರೇ ಬಳೇಪೇಟೆಗೆ ಹೋಗಿ ಆರಿಸಿ ತಂದದ್ದು," ಎಂದಳು ಪಿಳ್ಳಮ್ಮ, ತುಪ್ಪ ಬಡಿಸುತ್ತ.

"ಹಾಗಾದ್ರೆ ದೀಪಾವಳಿಗೆ ನಮ್ಮನೇಗೂ ಇದನ್ನೇ ಆರಿಸ್ಕೊಡಿ ಬೀಗರೇ. ನಿಮ್ಮ ಮಗಳ ಕೈಲೇ ಒಲೆ ಹಚ್ಚಿಸ್ತೀನಿ."

ಮಗಳು ಇನ್ನೂ ನೋಡುತ್ತಲೇ ಇದ್ದಳು. ಅರ್ಜುನಪ್ಪನವರು ಆಗಲಿ ಎಂದು ತಲೆಯಾಡಿಸಿದರು.

ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಅವರು ಹುಣಸೆ ಕೊರಡನ್ನು ದಾಟಿಕೊಂಡು ಬೀದಿಗಿಳಿದರು. ಹೊಸ ಕೊಡಲಿ ಎರಡು ಏಟಿಗೆ ಅದರಲ್ಲಿ ಕಚ್ಚಿಕೊಂಡು ಕೂತಿತ್ತು. ಅದನ್ನು ಕೀಳಲು ಪುಟ್ಟಯ್ಯನೇ ಬರಬೇಕಾಗಿತ್ತು. ಪೇಟವನ್ನು ಹುಬ್ಬಿನ ತನಕ ಎಳೆದುಕೊಂಡು ಬಳೇಪೇಟೆಯ ಓಣಿ ಹೊಕ್ಕರು. ಗಂಗಾಧರಯ್ಯ ಗುರುತು ಹಿಡಿದು, ಗಾಡಿ ಹೇಗಿದೆ ಯಜಮಾನ್ರೇ ಎಂದು ಅಕ್ಕರೆಯಿಂದ ಕೇಳಿದ.

"ಚೆನ್ನಾಗಿತ್ತು," ಎಂದರು ಅರ್ಜುನಪ್ಪನವರು. "ಇಪ್ಪತ್ತು ಜನಕ್ಕೆ ಸರಿಹೋಯ್ತು. ಅಂಥದ್ದೇ ಇನ್ನೊಂದು ಕೊಡಿ. ಚಕ್ರದ ಕಬ್ಬಿಣದ ಪಟ್ಟಿ ಮಾತ್ರ ನೀವೇ ಬಿಚ್ಚಿಟ್ಕೊಳ್ಳಿ, ಅದು ಬೇಯಲ್ಲ."