ತೃಪ್ತಿಯಾಗದೆ ಬೀಳದ ಗುಂಡು

"ನಂಬಿಕೆ ಅನ್ನೋದು ಎಷ್ಟು ಗ್ರಾಂ ಇರುತ್ತೆ?"

ನಮ್ಮ ಭಾವ ತ್ರಯಂಬಕಯ್ಯನವರು ಇದನ್ನು ಯಾರನ್ನೂ ಕೇಳಲಿಲ್ಲ. ಹಿತ್ತಲ ಶೆಡ್ಡಿನ ಬಾಗಿಲಲ್ಲಿ ಸ್ಪ್ಯಾನರು ಹಿಡಿದು ನಿಂತು, ಎದುರಿಗಿದ್ದ ನೀರಿನ ಟ್ಯಾಂಕಿನ ಕಡೆ ನೋಡುತ್ತ ಕೇಳಿದರು. ಟ್ಯಾಂಕು ಸುಮ್ಮನಿತ್ತು. ಅಡುಗೆಮನೆಯಿಂದ ನನ್ನ ಅಕ್ಕ ಸರ್ವಮಂಗಳ ಉತ್ತರ ಕೊಟ್ಟಳು.

"ಗ್ರಾಂ ಲೆಕ್ಕ ನನಗೆ ಗೊತ್ತಿಲ್ಲ. ರೂಪಾಯಿ ಲೆಕ್ಕದಲ್ಲಾದ್ರೆ ಎರಡು ಸಾವಿರದ ನೂರ ಐವತ್ತು."

ಅದು ಹಿಂದಿನ ತಿಂಗಳ ಗಾಯ. ಭಾವ ಆನ್‌ಲೈನಿನಲ್ಲಿ ಯಾರೋ ಮಾರಲು ಇಟ್ಟಿದ್ದ ಹಳೆಯ ಮೀಟರೊಂದನ್ನು ಕೊಂಡಿದ್ದರು. ದುಡ್ಡು ಕಳಿಸುವಾಗ ಫೋನು ಎರಡು ದಾರಿ ತೋರಿಸಿತ್ತು. 'ವಸ್ತು ಖರೀದಿ' ಎಂದು ಒತ್ತಿದರೆ ನಲವತ್ತಮೂರು ರೂಪಾಯಿ ಶುಲ್ಕ, ಮೋಸವಾದರೆ ದುಡ್ಡು ವಾಪಸ್ಸು. 'ಸ್ನೇಹಿತರಿಗೆ ಕಳಿಸಿ' ಎಂದು ಒತ್ತಿದರೆ ಶುಲ್ಕವೂ ಇಲ್ಲ, ರಕ್ಷಣೆಯೂ ಇಲ್ಲ. ಭಾವ ನಲವತ್ತಮೂರು ರೂಪಾಯಿ ಉಳಿಸಲು, ಮುಖವನ್ನೇ ನೋಡದ ಮನುಷ್ಯನನ್ನು ಸ್ನೇಹಿತನನ್ನಾಗಿ ಮಾಡಿಕೊಂಡರು. ಸ್ನೇಹಿತ ಮೀಟರಿನ ಬದಲು ಬಟ್ಟೆ ಸೋಪು ಕಳಿಸಿದ.

"ಸೋಪು ಒಳ್ಳೇದೇ ಬಂತು ಬಿಡೇ," ಎಂದರು ಭಾವ.

"ಹೌದು, ಎರಡು ಸಾವಿರದ ಸೋಪು. ನಿಮ್ಮ ಬನಿಯನ್ನು ಇಷ್ಟು ಬೆಳ್ಳಗೆ ಯಾವತ್ತೂ ಆಗಿರಲಿಲ್ಲ."

ಭಾವ ಅರಸೀಕೆರೆ ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಳ್ಳುತ್ತಿದ್ದವರು. ಒಂದೇ ಹಳಿ ಇದ್ದ ಕಾಲದಲ್ಲಿ, ಪ್ರತಿ ಸ್ಟೇಷನ್ನಿನಲ್ಲೂ ಒಂದೊಂದು ಕೆಂಪು ಪೆಟ್ಟಿಗೆ ಇರುತ್ತಿತ್ತು. ಅದರೊಳಗಿಂದ ಒಂದು ಕಬ್ಬಿಣದ ಗುಂಡು ಬಿದ್ದು ಕೈಗೆ ಬಂದರೆ ಮಾತ್ರ ಡ್ರೈವರು ರೈಲು ಬಿಡಬೇಕು. ಆ ಗುಂಡು ಮುಂದಿನ ಸ್ಟೇಷನ್ನಿನ ಪೆಟ್ಟಿಗೆ ಸೇರುವ ತನಕ ಎರಡನೆಯ ಗುಂಡು ಬೀಳದು. ಮೂವತ್ತೊಂದು ವರ್ಷ ಭಾವನ ಗುಂಡು ನಂಬಿ ಲಕ್ಷಾಂತರ ಜನ ನಿದ್ದೆ ಮಾಡುತ್ತ ಪ್ರಯಾಣಿಸಿದ್ದಾರೆ. ಒಂದೂ ಅಪಘಾತವಿಲ್ಲ. ಈ ಮಾತನ್ನು ನಾನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಗುಜರಿಗೆ ಹೋಗಲಿದ್ದ ಅಂಥ ಎರಡು ಪೆಟ್ಟಿಗೆಗಳನ್ನು ತಂದು, ಭಾವ ಅವುಗಳೊಳಗೆ ಹೊಸ ಮಿದುಳು ಕೂರಿಸಿದ್ದರು. ಒಂದು ಮಾರುವವರ ಹತ್ತಿರ, ಒಂದು ಕೊಳ್ಳುವವರ ಹತ್ತಿರ. ಕೊಳ್ಳುವವರ ದುಡ್ಡು ಪೆಟ್ಟಿಗೆಯ ವಶದಲ್ಲಿ. ಮಾರುವವರ ವಸ್ತು ಪೆಟ್ಟಿಗೆಯ ಉಕ್ಕಿನ ಹಿಡಿತದಲ್ಲಿ. ಮೇಲಿರುವ ಹಿತ್ತಾಳೆ ತಟ್ಟೆಯ ಮೇಲೆ ಅಂಗೈ ಇಟ್ಟರೆ ಅದು ನಾಡಿ, ಬೆವರು, ಬಿಸಿ ಎಲ್ಲ ನೋಡಿ ಮನಸ್ಸಿನ ತೃಪ್ತಿ ನೂರಕ್ಕೆ ಎಷ್ಟು ಎಂದು ಹೇಳುತ್ತದೆ. ಎರಡೂ ಕಡೆ ನೂರಾದಾಗ ಗುಂಡು ಬೀಳುತ್ತದೆ, ಹಿಡಿತ ಬಿಡುತ್ತದೆ, ದುಡ್ಡು ಹೋಗುತ್ತದೆ. ಕಾವಲು ಶುಲ್ಕ ನೂರಕ್ಕೆ ಎರಡು.

"ಬಾಯಲ್ಲಿ ಸುಳ್ಳು ಹೇಳಬಹುದು, ಅಂಗೈಯಲ್ಲಿ ಹೇಳಕ್ಕಾಗಲ್ಲ," ಎಂದು ಭಾವ ಎದೆಯುಬ್ಬಿಸಿದರು. "ಮಂಗಳ, ನಿನ್ನ ಹಳೇ ಕುಕ್ಕರ್ ತಾ. ಅದನ್ನ ನಿನ್ನ ತಂಗಿಗೆ ಮಾರೋಣ."

ಕುಕ್ಕರನ್ನು ಹಿಡಿತಕ್ಕೆ ಸಿಕ್ಕಿಸಿದರು. ನಾನು ಮುನ್ನೂರು ರೂಪಾಯಿ ಕಟ್ಟಿ ಅಂಗೈ ಇಟ್ಟೆ. ಪೆಟ್ಟಿಗೆ ಗಂಟೆ ಬಾರಿಸಿ, ಸ್ಟೇಷನ್ನಿನ ಪ್ರಕಟಣೆಯ ರಾಗದಲ್ಲಿ ಹೇಳಿತು: "ಗ್ರಾಹಕರ ಗಮನಕ್ಕೆ. ಕೊಳ್ಳುವವರ ತೃಪ್ತಿ, ನೂರು."

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಇಟ್ಟಳು.

"ಮಾರುವವರ ತೃಪ್ತಿ, ಹನ್ನೆರಡು."

"ಸರಿಯಾಗೇ ಹೇಳ್ತಿದೆ," ಎಂದಳು ಅಕ್ಕ. "ಮದುವೆಯಾದ ಮೊದಲನೇ ವರ್ಷ ಇಪ್ಪತ್ತಿತ್ತು."

"ಕುಕ್ಕರ್ ಬಗ್ಗೆ ಯೋಚನೆ ಮಾಡೇ, ನನ್ನ ಬಗ್ಗೆ ಅಲ್ಲ."

"ಕುಕ್ಕರ್ ನೋಡಿದ್ರೆ ನೀವೇ ನೆನಪಾಗ್ತೀರಿ. ಸುಮ್ಮಸುಮ್ಮನೆ ಕೂಗುತ್ತೆ."

ಕಡೆಗೆ ಭಾವ ಅಟ್ಟದ ಮೇಲಿನ ತಮ್ಮ ಸಾಮಾನನ್ನೆಲ್ಲ ಭಾನುವಾರದೊಳಗೆ ಖಾಲಿ ಮಾಡುವುದಾಗಿ ಅಮ್ಮನ ಎದುರಿಗೆ ಮಾತು ಕೊಟ್ಟರು. ಅಕ್ಕನ ಅಂಗೈ ಒಂದೇ ಏಟಿಗೆ ನೂರಕ್ಕೆ ಏರಿತು. ಗುಂಡು ಟಣ್ಣೆಂದು ಬಿತ್ತು. ಭಾವನ ಕಣ್ಣಲ್ಲಿ ನೀರು ಬಂತು. ನನಗೂ.

*

ನಮಗೆ ಈ ಯಂತ್ರ ನಿಜವಾಗಿ ಬೇಕಾಗಿದ್ದು ಅಮ್ಮನಿಗಾಗಿ.

ನಮ್ಮ ಬೀದಿಯ ರಾಮಮಂದಿರದಲ್ಲಿ ಪ್ರತಿ ಶನಿವಾರ ಸಂಜೆ ಶೇಷಗಿರಿ ಅವಧಾನಿಗಳು ಕಾವ್ಯ ವಾಚನ ಮಾಡುತ್ತಾರೆ. ಐವತ್ತು ವರ್ಷದಿಂದ ಮಾಡುತ್ತಿದ್ದಾರೆ. ನಾನು ಅಕ್ಷರ ಕಲಿಯುವ ಮೊದಲು ಅವರ ಷಟ್ಪದಿ ಕೇಳಿ ಕಲಿತವಳು. ಅಮ್ಮನ ತೊಡೆಯ ಮೇಲೆ ಮಲಗಿ ಕೇಳುತ್ತಿದ್ದಾಗ, ಪ್ರಾಸ ಬಂದ ಕಡೆಯಲ್ಲೆಲ್ಲ ಅಮ್ಮನ ಬೆರಳು ನನ್ನ ಬೆನ್ನಿನ ಮೇಲೆ ತಾಳ ಹಾಕುತ್ತಿತ್ತು. ಈಗ ಅಮ್ಮನಿಗೆ ಎಂಬತ್ತನಾಲ್ಕು. ನೆಲದ ಮೇಲೆ ಕೂರಲಾಗದೆ ಹಿಂದಿನ ಕಂಬದ ಬಳಿ ಕುರ್ಚಿ ಹಾಕಿಸಿಕೊಳ್ಳುತ್ತಾಳೆ. ಕಿವಿ ಮಂದ. ಅವಧಾನಿಗಳಿಗೆ ಎಪ್ಪತ್ತೆಂಟು, ಗಂಟಲಿನ ಆಪರೇಷನ್ ಆದಮೇಲೆ ದನಿ ಎರಡನೇ ಸಾಲು ದಾಟುತ್ತಿಲ್ಲ. ಮೂರು ವರ್ಷದಿಂದ ಅಮ್ಮ ಅವರ ತುಟಿ ನೋಡಿಕೊಂಡು ಬರುತ್ತಿದ್ದಾಳೆ. ಈ ಶನಿವಾರ ಕಾವ್ಯದ ಕೊನೆಯ ಸಂಧಿ. ಅದೊಂದನ್ನಾದರೂ ಕಿವಿಯಲ್ಲಿ ಕೇಳಬೇಕು ಎಂದು ಅಮ್ಮ ಒಂದೇ ಒಂದು ಸಲ ಹೇಳಿದ್ದಳು.

ಕೇಳುಗರು ಹನ್ನೆರಡು ಜನ ಸೇರಿ ಹದಿನಾಲ್ಕು ಸಾವಿರ ಕೂಡಿಸಿದೆವು. ತಿಪಟೂರಿನ ಖಲೀಲ್ ಪಾಷ ಎಂಬವರು ತಮ್ಮ ಹಳೆಯ ಆಂಪ್ಲಿಫೈಯರು, ಎರಡು ಸ್ಪೀಕರು, ಮೈಕು ಮಾರುತ್ತೇನೆಂದು ಆನ್‌ಲೈನಿನಲ್ಲಿ ಹಾಕಿದ್ದರು. ನಾನೇ ಫೋನು ಮಾಡಿದೆ.

"ದುಡ್ಡು ಹಾಕಿ ಮೇಡಂ, ಒಂದು ಗಂಟೆಯಲ್ಲಿ ಗಾಡಿಗೆ ಏರಿಸ್ತೀನಿ."

"ಸಾಮಾನು ಕಳಿಸಿ, ನೋಡಿ ಹಾಕ್ತೀವಿ."

"ಹೋದ ಸಲ ಹಾಗೇ ಕಳಿಸಿದ್ದೆ ಮೇಡಂ. ಅವರು ಇನ್ನೂ ನೋಡ್ತಾನೇ ಇದ್ದಾರೆ."

ಭಾವ ಫೋನು ಕಿತ್ತುಕೊಂಡರು. ಅರ್ಧ ಗಂಟೆ ಕಬ್ಬಿಣದ ಗುಂಡಿನ ಮಹಿಮೆ ಹೇಳಿದರು. ಖಲೀಲ್ ಪಾಷರಿಗೆ ಅದು ಅರ್ಥವಾಯಿತೋ ಸುಸ್ತಾಯಿತೋ, ಒಪ್ಪಿಕೊಂಡರು. ಒಂದು ಪೆಟ್ಟಿಗೆ ತಿಪಟೂರಿಗೆ ಹೋಯಿತು. ಶುಕ್ರವಾರ ಬೆಳಿಗ್ಗೆ ಗೂಡ್ಸ್ ಆಟೋದಲ್ಲಿ ಸೆಟ್ಟು ಬಂತು, ಅದರ ವೈರನ್ನು ಹಲ್ಲಲ್ಲಿ ಕಚ್ಚಿಕೊಂಡ ಪೆಟ್ಟಿಗೆಯೂ ಬಂತು.

"ಪರೀಕ್ಷೆಗೆ ಕರೆಂಟ್ ಬಿಡುತ್ತೆ, ವೈರ್ ಬಿಡಲ್ಲ," ಎಂದರು ಭಾವ. "ಕೈ ಇಡು."

ಇಟ್ಟೆ. "ಕೊಳ್ಳುವವರ ತೃಪ್ತಿ, ಎಪ್ಪತ್ತೊಂದು."

"ಯಾಕೆ, ಸೆಟ್ ಚೆನ್ನಾಗಿಲ್ವಾ?"

ಸೆಟ್ಟು ಚೆನ್ನಾಗಿತ್ತು. ಆದರೆ ಹನ್ನೆರಡು ಜನರ ದುಡ್ಡು, ನಾಳೆ ಕೆಟ್ಟರೆ ಏನು ಗತಿ ಎಂದು ಒಳಗೊಳಗೇ ಅನಿಸುತ್ತಿತ್ತು. ಹಾಗೆ ಅನಿಸಬಾರದು ಎಂದುಕೊಂಡೆ. ಅರವತ್ತನಾಲ್ಕಕ್ಕೆ ಇಳಿಯಿತು. ದೇವರ ನಾಮ ಹೇಳಿಕೊಂಡೆ. ಐವತ್ತೊಂಬತ್ತು.

"ದೇವರನ್ನ ಕರೆದ್ಲು ಅಂದ್ರೆ ಹೆದರಿದ್ದಾಳೆ ಅಂತ ಅದಕ್ಕೂ ಗೊತ್ತಾಗಿದೆ," ಎಂದಳು ಅಕ್ಕ.

ಅಷ್ಟರಲ್ಲಿ ಪೆಟ್ಟಿಗೆಯ ಬಾಯಿಂದ ಚೀಟಿ ಬರಲು ಶುರುವಾಯಿತು. ಹದಿನಾಲ್ಕು ಸಾವಿರಕ್ಕೆ ಕಾವಲು ಶುಲ್ಕ ಇನ್ನೂರ ಎಂಬತ್ತು. ಇದು ಸರಿ. ಅದರ ಕೆಳಗೆ: 'ಕಾವಲು ಎಂಬ ಸೇವೆಯನ್ನೂ ತಾವು ಕೊಂಡಿರುವುದರಿಂದ, ಆ ಖರೀದಿಗೂ ರಕ್ಷಣೆ ಒದಗಿಸಲಾಗಿದೆ. ಶುಲ್ಕ ಐದು ರೂಪಾಯಿ ಅರವತ್ತು ಪೈಸೆ.' ಅದರ ಕೆಳಗೆ, ಆ ರಕ್ಷಣೆಯ ಖರೀದಿಗೆ ರಕ್ಷಣೆ, ಹನ್ನೊಂದು ಪೈಸೆ ಚಿಲ್ಲರೆ. ಅದರ ಕೆಳಗೆ ಅದಕ್ಕೂ. ಪೈಸೆ ಮುಗಿದು ಸೊನ್ನೆಗಳು ಬಂದವು. ಸೊನ್ನೆ ಉದ್ದವಾದಷ್ಟೂ ಚೀಟಿ ಉದ್ದವಾಯಿತು. ಮಧ್ಯಾಹ್ನದ ಹೊತ್ತಿಗೆ ಚೀಟಿ ಹಿತ್ತಲು ದಾಟಿ, ತುಳಸಿಕಟ್ಟೆಗೆ ಮೂರು ಪ್ರದಕ್ಷಿಣೆ ಹಾಕಿ, ಟ್ಯಾಂಕಿನ ಬುಡ ಸೇರಿತ್ತು.

"ಒಟ್ಟು ಎಷ್ಟಾಯ್ತು?" ಅಕ್ಕ ಕೇಳಿದಳು.

"ಇನ್ನೂರ ಎಂಬತ್ತೈದು ರೂಪಾಯಿ ಎಪ್ಪತ್ತೊಂದು ಪೈಸೆಯ ಮೇಲೆ ಯಾವತ್ತೂ ಹೋಗಲ್ಲ," ಎಂದರು ಭಾವ ಅಭಿಮಾನದಿಂದ. "ಆದ್ರೆ ಯಾವತ್ತೂ ನಿಲ್ಲೋದೂ ಇಲ್ಲ. ಅದರ ಪ್ರಾಮಾಣಿಕತೆ ನೋಡು. ತನ್ನ ಸಂಬಳಕ್ಕೂ ತಾನೇ ಕಾವಲು."

"ಅಂಗಡಿಯಿಂದ ನನ್ನ ಹೆಸರಲ್ಲಿ ಸಾಲ ತಂದ ಪೇಪರ್ ರೋಲ್‌ಗೆ ಕಾವಲು ಯಾರು?"

*

ಶನಿವಾರ ಸಂಜೆ, ಬೇರೆ ದಾರಿಯಿಲ್ಲದೆ, ಸೆಟ್ಟನ್ನು ಪೆಟ್ಟಿಗೆಯ ಸಮೇತವೇ ರಾಮಮಂದಿರಕ್ಕೆ ಹೊತ್ತೆವು. ದುಡ್ಡು ಇನ್ನೂ ಬಂದಿಲ್ಲ ಎಂದು ಖಲೀಲ್ ಪಾಷರೂ ಬಂದಿಳಿದರು. ಬಿಳಿ ಗಡ್ಡ, ಕಿವಿಯ ಮೇಲೆ ಪೆನ್ಸಿಲು, ತೆಳ್ಳನೆಯ ಮನುಷ್ಯ.

"ಸಾರ್, ನನ್ನ ದುಡ್ಡು ಎಲ್ಲಿದೆ?"

"ಭದ್ರವಾಗಿದೆ."

"ಅದು ಗೊತ್ತಾಯ್ತು ಸಾರ್. ನನ್ನ ಹತ್ತಿರಾನೂ ಭದ್ರವಾಗೇ ಇರುತ್ತಿತ್ತು."

ಆದರೂ ಅವರು ಸುಮ್ಮನೆ ನಿಲ್ಲಲಿಲ್ಲ. ಸ್ಪೀಕರನ್ನು ಕಂಬದ ಕಡೆಗೆ ತಿರುಗಿಸಿದರು. ಅಮ್ಮನ ಕುರ್ಚಿಯಲ್ಲಿ ತಾವೇ ಒಮ್ಮೆ ಕೂತು ಕೇಳಿ ನೋಡಿದರು. ಮೈಕನ್ನು ಅವಧಾನಿಗಳ ಗಂಟಲಿನ ಎತ್ತರಕ್ಕೆ ಬಗ್ಗಿಸಿದರು.

ಮೊದಲು ಮಂಗಳಾರತಿ. ಅರ್ಚಕರು ತಟ್ಟೆ ಹಿಡಿದು ಬಂದರು. ನಾಣ್ಯ ಬಿದ್ದ ಸದ್ದು ಪೆಟ್ಟಿಗೆಗೆ ಕೇಳಿಸಿತು. ಈಗ ಅದರ ದನಿ ಸ್ಪೀಕರಿನಲ್ಲೂ ಬರುತ್ತಿತ್ತು.

"ಭಕ್ತರ ಗಮನಕ್ಕೆ. ಐದು ರೂಪಾಯಿ ಪಾವತಿಯಾಗಿದೆ. ಪ್ರತಿಯಾಗಿ ವಸ್ತು ತಲುಪಿಲ್ಲ. ಹಣ ತಡೆಹಿಡಿಯಲಾಗಿದೆ."

ಗುಂಡು ಎತ್ತಲು ಭಾವ ಒಳಗೆ ಇಟ್ಟಿದ್ದ ಅಯಸ್ಕಾಂತ ಗುಂಯ್ ಎಂದಿತು. ತಟ್ಟೆಯ ನಾಣ್ಯಗಳೆಲ್ಲ ಮಿಡತೆಗಳಂತೆ ಹಾರಿ ಪೆಟ್ಟಿಗೆಯ ಮೈಗೆ ಅಂಟಿಕೊಂಡವು. ಅರ್ಚಕರ ಸೊಂಟದ ಬೀಗದ ಕೈಗೊಂಚಲೂ ಆ ಕಡೆಗೇ ಎಳೆಯಿತು. ಅವರು ಎರಡು ಹೆಜ್ಜೆ ಹಿಂದೆ ಸರಿದು ಪಂಚೆ ಹಿಡಿದುಕೊಂಡರು.

"ತ್ರಯಂಬಕಯ್ಯನೋರೇ, ಇದೇನಿದು?"

"ಕೊಳ್ಳುವವರ ರಕ್ಷಣೆ, ಭಟ್ರೇ."

"ಇಲ್ಲಿ ಯಾರೂ ಏನೂ ಕೊಳ್ತಾ ಇಲ್ಲ."

"ಪುಣ್ಯ ತಲುಪಿದ ಭಕ್ತರು ಅಂಗೈ ಇಟ್ಟು ದೃಢಪಡಿಸಬೇಕು," ಎಂದಿತು ಪೆಟ್ಟಿಗೆ.

ಯಾರೂ ಮುಂದೆ ಬರಲಿಲ್ಲ. ಅರ್ಚಕರು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ನಾವೆಲ್ಲ ನೆಲ ನೋಡಿದೆವು.

"ಸರಿ, ಶುರು ಮಾಡೋಣ," ಎಂದರು ಅವಧಾನಿಗಳು. ಅವರು ಇಂಥ ಗಲಾಟೆಗೆಲ್ಲ ತಲೆ ಎತ್ತುವವರಲ್ಲ. ಕನ್ನಡಕ ಸರಿಮಾಡಿಕೊಂಡು, ಓಲೆಯಂತೆ ಹಳದಿಯಾದ ಪುಟ ತಿರುಗಿಸಿ, ಓದಲು ತೊಡಗಿದರು.

ಆ ದನಿ ಕಂಬದವರೆಗೂ ಹೋಯಿತು. ಒರಟಾಗಿ ಅಲ್ಲ. ಖಲೀಲ್ ಪಾಷ ಎರಡು ಬೆರಳಲ್ಲಿ ಒಂದು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ, ತೆಳುವಾಗಿದ್ದ ದನಿಗೆ ಮೈ ತುಂಬಿದ್ದರು. ನಾನು ಹಿಂದೆ ತಿರುಗಿ ನೋಡಿದೆ. ಅಮ್ಮ ಕಣ್ಣು ಮುಚ್ಚಿದ್ದಳು. ತುಟಿ ನೋಡುವ ಅಗತ್ಯ ಅವಳಿಗೆ ಇರಲಿಲ್ಲ. ಕುರ್ಚಿಯ ತೋಳಿನ ಮೇಲೆ ಬೆರಳು ತಾಳ ಹಾಕುತ್ತಿತ್ತು, ಒಂದು ಪ್ರಾಸವನ್ನೂ ಬಿಡದೆ. ಭಾವನಿಗೆ ತೋರಿಸಿದೆ. ಭಾವ ನೋಡಿ, ಪೆಟ್ಟಿಗೆಯ ತಲೆಯನ್ನು ಮಗುವಿನ ತಲೆಯಂತೆ ಸವರಿದರು. ಅಕ್ಕ ಅದನ್ನು ಕಂಡೂ ಏನೂ ಅನ್ನಲಿಲ್ಲ. ಅವಳ ಬಾಯಿಂದ ಇದಕ್ಕಿಂತ ದೊಡ್ಡ ಪ್ರಶಸ್ತಿ ನಮ್ಮ ಮನೆಯಲ್ಲಿ ಯಾರಿಗೂ ಸಿಕ್ಕಿಲ್ಲ.

ಒಂದೂವರೆ ಗಂಟೆಯಾದ ಮೇಲೆ ಮಂಗಳ ಪದ್ಯ ಮುಗಿಯಿತು. ನಾನು ಯಾರೂ ಹೇಳದೆಯೇ ಹೋಗಿ ಅಂಗೈ ಇಟ್ಟೆ.

"ಕೊಳ್ಳುವವರ ತೃಪ್ತಿ, ನೂರು."

ಖಲೀಲ್ ಪಾಷ ಕೈ ಒರೆಸಿಕೊಂಡು ಇಟ್ಟರು. "ಮಾರುವವರ ತೃಪ್ತಿ, ನೂರು."

"ದುಡ್ಡು ಬಾರದೇನೇ ನೂರಾ?" ಅಕ್ಕ ಬೆರಗಾದಳು.

"ಇಪ್ಪತ್ತು ವರ್ಷ ಮದುವೆ ಮನೇಲಿ ಈ ಸೆಟ್ ಹಾಕಿದೀನಿ ಅಮ್ಮಾ. ಊಟಕ್ಕೆ ಕೂತವರು ಯಾರೂ ಕೇಳಲ್ಲ. ಇವತ್ತು ಅಜ್ಜಿ ಕೇಳಿದ್ರು."

ಎಲ್ಲರೂ ಗುಂಡಿಗಾಗಿ ಕಾದೆವು. ಗುಂಡು ಬೀಳಲಿಲ್ಲ.

"ಗ್ರಾಹಕರ ಗಮನಕ್ಕೆ. ವಸ್ತುವನ್ನು ಬಳಸಿದವರ ತೃಪ್ತಿ ಬಾಕಿ ಇದೆ."

"ಹಳಿ ಮೇಲೆ ಯಾರಿದ್ರೂ ಸರಿ, ಎಲ್ಲರೂ ದಾಟಿದ ಮೇಲೇ ಗುಂಡು ಬೀಳೋದು," ಎಂದು ಭಾವ ತಲೆ ಕೆರೆದುಕೊಂಡರು. "ಆ ನಿಯಮ ನಾನೇ ಹಾಕಿದ್ದು. ಅವಧಾನಿಗಳೇ, ಒಂದು ಸಲ ಕೈ ಇಡ್ತೀರಾ?"

ಅವಧಾನಿಗಳು ಇಟ್ಟರು.

"ತೃಪ್ತಿ, ಮೂವತ್ತೆಂಟು."

ಸ್ಪೀಕರಿನಲ್ಲಿ ಹೇಳಿದ್ದರಿಂದ ಆ ಸಂಖ್ಯೆ ಬಸ್ ಸ್ಟ್ಯಾಂಡಿನವರೆಗೂ ಕೇಳಿರಬೇಕು. ಭಾವ ಪೆಟ್ಟಿಗೆಗೆ ಎರಡು ಏಟು ಕೊಟ್ಟು ಮತ್ತೆ ಇಡಿಸಿದರು. ಮೂವತ್ತಾರು.

"ಸ್ವಾಮಿ, ಮೈಕ್ ಏನಾದ್ರೂ ಕರಕರ ಅಂತಾ?" ಖಲೀಲ್ ಪಾಷ ಗಾಬರಿಯಾದರು.

"ನಿನ್ನ ಮೈಕ್ ಬಂಗಾರ ಕಣಪ್ಪ."

ಅಮ್ಮ ಕುರ್ಚಿಯಿಂದ ಎದ್ದಳು. ಕೋಲು ಊರಿಕೊಂಡು, ನನ್ನ ಭುಜ ಹಿಡಿದು, ಹಿಂದಿನ ಕಂಬದಿಂದ ಮುಂದಿನ ಮಣೆಯವರೆಗೆ ನಡೆದು ಬಂದಳು. ಕಿವಿ ಕೇಳದವರು ಮಾತಾಡುವ ಹಾಗೆ ಗಟ್ಟಿಯಾಗಿ ಹೇಳಿದಳು.

"ಮೂರು ವರ್ಷ ಆದ ಮೇಲೆ ಒಂದೊಂದು ಅಕ್ಷರಾನೂ ಕೇಳಿದೆ. ಅಷ್ಟು ಚೆನ್ನಾಗಿತ್ತು. ಇವರು ದೂರದಿಂದ ಬಂದವರು, ದುಡ್ಡಿಗೆ ಕಾಯ್ತಿದ್ದಾರೆ. ಇನ್ನೊಂದು ಸಲ ಕೈ ಇಟ್ಟು, ಚೆನ್ನಾಗಿ ಓದಿದೆ ಅಂತ ಮನಸ್ಸಲ್ಲಿ ಅಂದ್ಕೊಂಡುಬಿಡಿ. ನನಗೋಸ್ಕರ."

ಅವಧಾನಿಗಳು ಎದ್ದು ನಿಂತು ಅಮ್ಮನಿಗೆ ಕೈ ಮುಗಿದರು. ಖಲೀಲ್ ಪಾಷರನ್ನು ನೋಡಿ, ಮಡಿಸಿಟ್ಟ ತಮ್ಮ ಶಾಲಿನ ಕೆಳಗಿಂದ ತಮಗೆ ಬಂದ ಸಂಭಾವನೆಯ ಲಕೋಟೆ ತೆಗೆದು, ಅದರ ಮೇಲೆ ಕಿವಿಯ ಎರಡೂ ಹರಳಿನ ಕಡುಕು ಬಿಚ್ಚಿ ಇಟ್ಟು, ಅವರ ಕೈಗೆ ಕೊಟ್ಟರು. "ಆ ಗುಂಡು ಬೀಳೋ ತನಕ ಇದು ನಿನ್ನ ಹತ್ತಿರ ಇರಲಿ," ಎಂದರು. ಆಮೇಲೆ ಪೆಟ್ಟಿಗೆಯಿಂದ ದೂರ ಸರಿದು, ಎರಡೂ ಅಂಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಇಲ್ಲ ತಾಯಿ, ಇಡಲ್ಲ. ಏಳನೇ ಪದ್ಯದಲ್ಲಿ ಎರಡು ಕಡೆ ಉಸಿರು ತಪ್ಪಿದ್ದೀನಿ."